ಎದ್ದು ನಿಂತ ಆ ಎರಡು ನಿಮಿಷ

ಐದನೇ ಕ್ಲಾಸು, ಗಣಿತದ ಕಿರುಪರೀಕ್ಷೆ. ಹೊಸನಗರ ತಾಲೂಕಿನ ಒಂದು ಸಣ್ಣ ಊರು. ಜುಲೈ ತಿಂಗಳು. ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿತ್ತು ಅಂದ್ರೆ ಮೇಷ್ಟ್ರು ಕೂಗಿಯೇ ಮಾತಾಡಬೇಕಿತ್ತು. ಬೋರ್ಡಿನ ಮೇಲೆ ಲೆಕ್ಕ ಬರೆಯುವ ಮೊದಲು ಅವರಿಗೆ ಸ್ಕಾಲರ್‌ಶಿಪ್ ಫಾರಂ ನೆನಪಾಯಿತು. "ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಂತ್ಕಳಿ" ಅಂದರು. ಮೂವತ್ತು ಮಕ್ಕಳಲ್ಲಿ ನಾವು ನಾಲ್ಕು ಜನ ಎದ್ದೆವು. ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಜಾತಿ ಕೇಳಿ ಬರೆದುಕೊಂಡರು. ಮಳೆ ಸದ್ದಿಗೆ ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳೋ" ಅಂದರು. ಜೋರಾಗಿ ಹೇಳಿದೆ.

ಆಮೇಲೆ ಪರೀಕ್ಷೆ ಶುರುವಾಯಿತು. ಭಿನ್ನರಾಶಿ ಲೆಕ್ಕ. ಹಿಂದಿನ ರಾತ್ರಿ ಚಿಮಣಿ ದೀಪದ ಕೆಳಗೆ ಮಾಡಿ ಮುಗಿಸಿದ್ದ ಲೆಕ್ಕಗಳೇ ಬಂದಿದ್ದವು. ಆದರೂ ಛೇದ ಮೇಲೋ ಅಂಶ ಮೇಲೋ ಅನ್ನುವುದೇ ಮರೆತುಹೋಯಿತು. ಕಿವಿ ಬಿಸಿಯಾಗಿತ್ತು. ಪಕ್ಕದವನು ತನ್ನ ಚೀಲವನ್ನು ಎಳೆದು ಆಚೆ ಬದಿಗೆ ಇಟ್ಟುಕೊಂಡ. ಅವನು ಬೇಕೆಂದೇ ಹಾಗೆ ಮಾಡಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಪರೀಕ್ಷೆಯ ಅರ್ಧ ಹೊತ್ತು ನಾನು ಯೋಚಿಸಿದ್ದು ಆ ಚೀಲದ ಬಗ್ಗೆ.

ಆ ಮೇಷ್ಟ್ರು ಕೆಟ್ಟವರಲ್ಲ. ಫಾರಂ ತಾವೇ ತುಂಬಿ ಕಳಿಸಿದರು, ದುಡ್ಡೂ ಬಂತು, ಅದರಲ್ಲಿ ಅವ್ವ ನನಗೆ ಕೊಡೆ ಕೊಡಿಸಿದಳು. ಸ್ಕಾಲರ್‌ಶಿಪ್ ನಮ್ಮ ಹಕ್ಕು, ಅದು ಬೇಕೇ ಬೇಕು. ನನ್ನ ಮಾತು ಎದ್ದು ನಿಂತ ಆ ಎರಡು ನಿಮಿಷದ ಬಗ್ಗೆ ಮಾತ್ರ. ಈಗ ಶಿವಮೊಗ್ಗದಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಆ ದಿನ ನನ್ನ ತಲೆಯೊಳಗೆ ಏನಾಯಿತು ಅನ್ನುವುದಕ್ಕೆ ತುಂಬ ಹತ್ತಿರದ ಉತ್ತರ ಸಿಕ್ಕಿದ್ದು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕರು ಮಾಡಿದ ಪ್ರಯೋಗ ಅದು. 2004ರಲ್ಲಿ ವಿಶ್ವಬ್ಯಾಂಕ್ ಇದನ್ನು ಪ್ರಕಟಿಸಿತು. 6 ಮತ್ತು 7ನೇ ತರಗತಿಯ ಹುಡುಗರು: ಮೇಲ್ಜಾತಿಯವರು 321, ಕೆಳಜಾತಿ ಅನ್ನಿಸಿಕೊಂಡವರು 321. ಅವರಿಗೆ ಕೊಟ್ಟ ಕೆಲಸ, ಕಾಗದದ ಮೇಲಿನ ಚಕ್ರವ್ಯೂಹದಲ್ಲಿ ದಾರಿ ಹುಡುಕುವುದು. ಮಕ್ಕಳ ಪುಟಗಳಲ್ಲಿ ಬರುತ್ತದಲ್ಲ, "ಮೊಲಕ್ಕೆ ಕ್ಯಾರೆಟ್ ತಲುಪಿಸಿ" ಅಂತ, ಅಂಥದ್ದು. ಎಷ್ಟು ಬಿಡಿಸಿದರೋ ಅಷ್ಟಕ್ಕೆ ದುಡ್ಡು.

ಕೆಲವು ಗುಂಪುಗಳಲ್ಲಿ ಜಾತಿಯ ಮಾತೇ ಎತ್ತಲಿಲ್ಲ. ಅಲ್ಲಿ ಎರಡೂ ಕಡೆಯ ಹುಡುಗರು ಹೆಚ್ಚುಕಮ್ಮಿ ಒಂದೇ ಸಮ ಬಿಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಆಟಕ್ಕೆ ಮೊದಲು ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಓದಿದರು. ಸರಿ ಅಂತ ಹುಡುಗ ತಲೆಯಾಡಿಸಬೇಕು. ಅಷ್ಟೇ. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಅದೇ ಕಾಗದ, ಅದೇ ಪೆನ್ಸಿಲ್ಲು, ಅದೇ ಸಮಯ. ಆದರೂ ಕೆಳಜಾತಿಯ ಹುಡುಗರು ಬಿಡಿಸಿದ ಸಂಖ್ಯೆ ಕುಸಿದುಬಿತ್ತು. ದೊಡ್ಡ ಅಂತರವೇ ಹುಟ್ಟಿಕೊಂಡಿತು.

ಇದನ್ನು ಮೊದಲ ಸಲ ಓದಿದಾಗ ನನ್ನ ಕೈ ನಡುಗಿತು. ಅಪ್ಪನ ಹೆಸರು, ಜಾತಿ, ಎಲ್ಲರೆದುರು. ಥೇಟ್ ನಮ್ಮ ಕ್ಲಾಸು!

ಆ ಪ್ರಯೋಗದಲ್ಲಿ ಇನ್ನೊಂದು ತಿರುವಿದೆ. ಬಹುಮಾನದ ವಿಷಯದಲ್ಲಿ ಚೀಟಿ ಎತ್ತುವ ಕ್ರಮ ಸೇರಿಸಿದಾಗ ಆ ಅಂತರ ಮಾಯವಾಯಿತು. ಚೀಟಿಗೆ ಜಾತಿ ಗೊತ್ತಿಲ್ಲ ಅಲ್ವಾ? ಮನುಷ್ಯರು ತೀರ್ಪು ಕೊಡುವಾಗ ಮಾತ್ರ ಹುಡುಗರ ಕೈ ಸೋಲುತ್ತಿತ್ತು. ಎಷ್ಟು ಮಾಡಿದರೂ ಇವರು ನಮಗೆ ಸರಿಯಾಗಿ ಕೊಡುವುದಿಲ್ಲ ಎಂಬ ಅನುಮಾನ ಅವರ ಹುರುಪನ್ನು ತಿಂದುಹಾಕಿತ್ತು ಎಂದು ಸಂಶೋಧಕರು ಅರ್ಥ ಮಾಡಿದರು. ಹನ್ನೊಂದು, ಹನ್ನೆರಡು ವರ್ಷಕ್ಕೇ ಆ ಮಕ್ಕಳು ಅಷ್ಟನ್ನು ಕಲಿತುಬಿಟ್ಟಿದ್ದರು.

ಆ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ರೆಮಾ ಹನ್ನಾ ಮತ್ತು ಲೀ ಲಿಂಡೆನ್ ಭಾರತದಲ್ಲೇ ಇನ್ನೊಂದು ಅಧ್ಯಯನ ಮಾಡಿದರು. ಮಕ್ಕಳು ಬರೆದ ಉತ್ತರ ಪತ್ರಿಕೆಗಳ ಮೇಲೆ ಚೀಟಿ ಎತ್ತಿದ ಹಾಗೆ ಯಾವುದೋ ಒಂದು ಜಾತಿ ಹಾಕಿ ಶಿಕ್ಷಕರಿಂದ ತಿದ್ದಿಸಿದರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ಸ್ವಲ್ಪ ಕಮ್ಮಿ ಅಂಕ ಬಿತ್ತು. ದೊಡ್ಡ ವ್ಯತ್ಯಾಸವೇನಲ್ಲ, ಆದರೆ ಇತ್ತು. ಹಾಗೆ ಕಮ್ಮಿ ಕೊಟ್ಟವರು ಹೆಚ್ಚಾಗಿ ಕೆಳಜಾತಿಯಿಂದಲೇ ಬಂದ ಶಿಕ್ಷಕರು. ಇದನ್ನು ಓದಿ ನನಗೆ ಸಿಟ್ಟಿಗಿಂತ ಜಾಸ್ತಿ ದುಃಖ ಆಯಿತು. ಅವರೂ ಒಂದು ದಿನ ಕ್ಲಾಸಿನಲ್ಲಿ ಎದ್ದು ನಿಂತಿದ್ದ ಮಕ್ಕಳೇ ಇರಬೇಕು.

ಮೈಯೊಳಗೆ ಏನಾಗುತ್ತದೆ ನೋಡೋಣ. ಅಡಿಕೆ ತೋಟದಲ್ಲಿ ನಡೆಯುವಾಗ ಕಾಲ ಬುಡದಲ್ಲಿ ಹಾವು ಸರಿದರೆ ಎದೆ ಡವಗುಟ್ಟುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತವೆ. ರಕ್ತಕ್ಕೆ ಸಕ್ಕರೆ ಬರುತ್ತದೆ, ಕಾಲಿಗೆ ಬಲ ಬರುತ್ತದೆ, ನೀವು ಹಾರಿ ದೂರ ನಿಲ್ಲುತ್ತೀರಿ. ಹಾವು ಹೋಯಿತು, ಸ್ವಲ್ಪ ಹೊತ್ತಿಗೆ ಮೈ ತಣ್ಣಗಾಯಿತು. ಒಳ್ಳೆಯ ವ್ಯವಸ್ಥೆ. ನಾಲ್ಕು ಜನರೆದುರು ಅವಮಾನವಾದಾಗಲೂ ಮೈ ಇದೇ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಆದರೆ ಅಲ್ಲಿ ಹಾರಿ ದೂರ ನಿಲ್ಲುವುದಕ್ಕೆ ಜಾಗ ಇಲ್ಲ. ಬೆಂಚಿನ ಮೇಲೇ ಕೂತು ಭಿನ್ನರಾಶಿ ಮಾಡಬೇಕು.

ಲೆಕ್ಕ ಮಾಡುವಾಗ ಅಂಕಿಗಳನ್ನು ಒಂದು ಗಳಿಗೆ ಹಿಡಿದಿಟ್ಟುಕೊಳ್ಳುವ ಜಾಗವೊಂದು ತಲೆಯಲ್ಲಿದೆ. ವಿಜ್ಞಾನಿಗಳು ಅದನ್ನು ಕಾರ್ಯ ಸ್ಮೃತಿ ಅನ್ನುತ್ತಾರೆ. ಬಹಳ ಚಿಕ್ಕ ಜಾಗ ಅದು. ಅವರು ನನ್ನ ಬಗ್ಗೆ ಏನಂದುಕೊಂಡರು, ಚೀಲ ಯಾಕೆ ಸರಿಸಿದ ಎಂಬ ಯೋಚನೆ ಅಲ್ಲಿ ಬಂದು ಕೂತರೆ ಅಂಕಿಗಳಿಗೆ ಜಾಗ ಸಾಲುವುದಿಲ್ಲ. ಅಮೆರಿಕದಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ 1995ರಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ಚರ್ಚೆ ದೊಡ್ಡದಾಯಿತು. ಆಮೇಲೆ ಬೇರೆಯವರು ಮಾಡಿದ ಕೆಲವು ಪ್ರಯೋಗಗಳಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿ ಕಂಡಿಲ್ಲ ಅನ್ನುವುದನ್ನೂ ಹೇಳಬೇಕು. ಇದರಿಂದಲೇ ಎಲ್ಲ ಸೋಲನ್ನೂ ವಿವರಿಸಲು ಆಗುವುದಿಲ್ಲ.

ಅಡಿಕೆ ಸುಲಿಯುವ ಕಾಲದ ನೆನಪೊಂದಿದೆ. ರಾತ್ರಿ ಹೊತ್ತು ದೊಡ್ಡ ಮನೆಯ ಅಂಗಳದಲ್ಲಿ ಅವ್ವ ಕತ್ತಿಯ ಮುಂದೆ ಕೂತು ಸುಲಿಯುತ್ತಿದ್ದಳು. ಡಬ್ಬ ಲೆಕ್ಕದಲ್ಲಿ ಕೂಲಿ. ನಾನು ಸಿಪ್ಪೆಯ ರಾಶಿಯ ಮೇಲೆ ಮಲಗಿರುತ್ತಿದ್ದೆ. ಒಂಬತ್ತು ಗಂಟೆಗೆ ಚಾ ಬರುತ್ತಿತ್ತು. ಜಗಲಿಯ ಮೇಲಿದ್ದವರಿಗೆ ಸ್ಟೀಲಿನ ಲೋಟ, ನಮಗೆ ತೆಂಗಿನ ಗರಟೆ. ಗರಟೆ ನೆಲದ ಮೇಲೆ ಇಡಬೇಕು, ಅವರು ಮೇಲಿಂದ ಎತ್ತಿ ಹೊಯ್ಯುತ್ತಿದ್ದರು. ಚಾ ಒಂದೇ ಪಾತ್ರೆಯದ್ದು, ರುಚಿಯೂ ಒಂದೇ. ಆ ಮನೆಯ ಹುಡುಗಿ ನನ್ನ ವಯಸ್ಸಿನವಳು. ಒಂದು ದಿನ ತನ್ನ ಲೋಟವನ್ನೇ ನನ್ನ ಕಡೆ ಚಾಚಿದಳು. ಯಾರೋ ಅವಳ ಕೈ ಹಿಡಿದು ಹಿಂದಕ್ಕೆ ಎಳೆದರು. ಆ ಗಳಿಗೆಯಲ್ಲಿ ನಾವಿಬ್ಬರೂ ಒಂದೇ ಪಾಠ ಕಲಿತೆವು ಅಂತ ಈಗ ಅನ್ನಿಸುತ್ತದೆ.

ಒಂದು ಗುಂಪಿನ ಬಗ್ಗೆ ಬೇರೆಯವರು ಏನಂದುಕೊಂಡಿದ್ದಾರೆ ಅನ್ನುವುದು ಮಕ್ಕಳಿಗೆ ಸುಮಾರು ಆರರಿಂದ ಹತ್ತು ವರ್ಷದ ಒಳಗೆ ಅರ್ಥವಾಗುತ್ತಾ ಹೋಗುತ್ತದೆ. ಯಾರ ಬಗ್ಗೆ ಕೀಳಾಗಿ ಅಂದುಕೊಂಡಿದ್ದಾರೋ ಆ ಗುಂಪಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಅವರು ಬೇಗ ಕಲಿಯದೆ ವಿಧಿಯಿಲ್ಲ.

ಹೊರಗಿಡುವುದು ಎಷ್ಟು ಸಣ್ಣದಿದ್ದರೂ ನೋಯುತ್ತದೆ. ಕಂಪ್ಯೂಟರಿನಲ್ಲಿ ಚೆಂಡಾಟ ಒಂದಿದೆ. ನೀವು ಮತ್ತು ಇಬ್ಬರು ಚೆಂಡು ಎಸೆದಾಡುತ್ತೀರಿ. ಸ್ವಲ್ಪ ಹೊತ್ತಿಗೆ ಅವರಿಬ್ಬರೂ ನಿಮಗೆ ಎಸೆಯುವುದನ್ನು ನಿಲ್ಲಿಸುತ್ತಾರೆ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಈ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಮೈಗೆ ಪೆಟ್ಟು ಬಿದ್ದಾಗಿನ ಸಂಕಟದಲ್ಲಿ ಚುರುಕಾಗುವ ಒಂದು ಭಾಗ ಇಲ್ಲಿಯೂ ಚುರುಕಾಗಿತ್ತು. ಆ ಭಾಗ ಬೇರೆ ಕೆಲಸಗಳನ್ನೂ ಮಾಡುತ್ತದೆ, ಹಾಗಾಗಿ ಎರಡು ನೋವೂ ಒಂದೇ ಅಂತ ಹೇಳಿಬಿಡುವ ಹಾಗಿಲ್ಲ. ಆದರೆ ಎದುರಿಗಿರುವುದು ಬರೀ ಯಂತ್ರ ಅಂತ ಮೊದಲೇ ಹೇಳಿದರೂ ಜನರಿಗೆ ಬೇಜಾರಾಗುತ್ತದೆ ಅನ್ನುವುದನ್ನು ಇನ್ನೊಂದು ಪ್ರಯೋಗ ತೋರಿಸಿದೆ. ಯಂತ್ರ ಕೆಲವು ನಿಮಿಷ ಚೆಂಡು ಎಸೆಯದಿದ್ದರೇ ಹೀಗೆ. ವರ್ಷಗಟ್ಟಲೆ ಗರಟೆಯಲ್ಲಿ ಕುಡಿದವರ ಗತಿ?

ಹಾವು ಕಂಡಾಗ ಏಳುವ ಆ ಎಚ್ಚರದ ವ್ಯವಸ್ಥೆ ದಿನಾ ಏಳುತ್ತಿದ್ದರೆ ಮೈಗೆ ಸವೆತ ಬರುತ್ತದೆ. ಬ್ರೂಸ್ ಮೆಕ್‌ಎವನ್ ಎಂಬ ವಿಜ್ಞಾನಿ 1990ರ ದಶಕದಿಂದ ಈ ಸವೆತದ ಬಗ್ಗೆ ತುಂಬ ಕೆಲಸ ಮಾಡಿದರು. ರಕ್ತದೊತ್ತಡ, ನಿದ್ದೆ, ರೋಗ ತಡೆಯುವ ಶಕ್ತಿ, ಎಲ್ಲಕ್ಕೂ ಇದು ತಾಗುತ್ತದೆ. "ಅದೆಲ್ಲಾ ಹಳೇ ಕಥೆ, ಮರೆತುಬಿಡಿ" ಅನ್ನುವವರಿಗೆ ನಾನು ಈ ಮಾತು ಹೇಳುತ್ತಿರುತ್ತೇನೆ.

ಹಾಗಾದರೆ ಕೆಲವರು ಹೇಗೆ ಎದ್ದು ಬಂದರು? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೀಗೆ ಹತ್ತು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗಟ್ಟಿ ಮನುಷ್ಯರಾದರು. ಅಂಥವರ ಬದುಕಿನಲ್ಲಿ ಅವರನ್ನು ನಂಬಿದ ಒಬ್ಬ ದೊಡ್ಡವರಾದರೂ ಇದ್ದರು: ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ.

ನನಗೆ ಅಪ್ಪ ಇದ್ದ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅಪ್ಪ ಓದಿದ್ದು ಮೂರನೇ ಕ್ಲಾಸು. ಆದರೂ ಸಮಿತಿಯ ಸಭೆ ಅಂದ್ರೆ ಕೂಲಿ ಬಿಟ್ಟು ಬಸ್ಸು ಹತ್ತುತ್ತಿದ್ದ. ಅಲ್ಲಿ ಕೇಳಿದ್ದನ್ನು ರಾತ್ರಿ ಒಲೆ ಮುಂದೆ ಕೂತು ನನಗೆ ಹೇಳುತ್ತಿದ್ದ. ಶಾಲೆಗೆ ದಿನಾ ತನ್ನ ಗೋಣಿತಾಟು ತಾನೇ ಹೊತ್ತುಕೊಂಡು ಹೋಗಬೇಕಿದ್ದ ಹುಡುಗ ಅಂಬೇಡ್ಕರರ ಕಥೆ ಅಲ್ಲಿಯೇ ನಾನು ಕೇಳಿದ್ದು. ಆ ಗಣಿತದ ಪರೀಕ್ಷೆಯ ದಿನ ನಾನು ಅತ್ತಿದ್ದಕ್ಕೆ ಅಪ್ಪ ಸಮಾಧಾನ ಹೇಳಲಿಲ್ಲ. "ಈಗ ನಂಗೆ ಹೇಳು, ಜೋರಾಗಿ" ಅಂದ. ಹೇಳಿದೆ. "ಇನ್ನೊಂದ್ಸಲ" ಅಂದ. ಮೂರನೇ ಸಲಕ್ಕೆ ಇಬ್ಬರಿಗೂ ನಗು ಬಂತು. ತಮ್ಮ ಸಮುದಾಯದ ಬಗ್ಗೆ ಅಭಿಮಾನದಿಂದ ಮಾತಾಡುವ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಅವಮಾನ ತಡೆದುಕೊಳ್ಳುವ ಶಕ್ತಿ ಜಾಸ್ತಿ ಇರುತ್ತದೆ ಅಂತ ಅಮೆರಿಕದ ಕಪ್ಪು ಕುಟುಂಬಗಳ ಮೇಲಿನ ಅಧ್ಯಯನಗಳು ಹೇಳುತ್ತವೆ. ಅಪ್ಪನಿಗೆ ಅದು ಯಾವ ಅಧ್ಯಯನವೂ ಇಲ್ಲದೆ ಗೊತ್ತಿತ್ತು.

ಆದರೆ ಎಲ್ಲ ಭಾರವನ್ನೂ ಮಗುವಿನ ಮೇಲೆ, ಅದರ ಅಪ್ಪ ಅವ್ವನ ಮೇಲೆ ಹೊರಿಸುವುದು ನ್ಯಾಯ ಅಲ್ಲ. ಚಕ್ರವ್ಯೂಹದ ಪ್ರಯೋಗದಲ್ಲಿ ಹುಡುಗರ ಬುದ್ಧಿಯನ್ನು ಯಾರೂ ತಿದ್ದಲಿಲ್ಲ. ಜಾತಿ ಓದದೆ ಬಿಟ್ಟ ಗುಂಪುಗಳಲ್ಲಿ ಅಂತರವೇ ಹುಟ್ಟಲಿಲ್ಲ.

ಅಕ್ಕನ ಮಗಳು ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಐದನೇ ಕ್ಲಾಸು. ಈಗ ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನು, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಹೋದ ವರ್ಷ ಅದನ್ನು ಹೇಗೆ ಕೇಳಿದರು ಅಂತ ವಿಚಾರಿಸಿದೆ. ಅವರ ಅಕ್ಕೋರು, ಅಂದ್ರೆ ಟೀಚರು, ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದೊಂದು ಕವರ್ ಕೊಟ್ಟು ಮನೆಗೆ ಕಳಿಸಿದರಂತೆ. ನಂಬರ್ ಇದ್ದವರು ಬರೆದು ಹಾಕಬೇಕು, ಇಲ್ಲದವರು ಖಾಲಿ ಚೀಟಿ ಹಾಕಬೇಕು. ಎಲ್ಲರೂ ಅಂಟಿಸಿಯೇ ತರಬೇಕು.

"ಯಾರ‍್ಯಾರು ಬರೆದಿದ್ರು?" ಅಂದೆ.

"ಗೊತ್ತಿಲ್ಲ ಮಾಮ" ಅಂದಳು. "ನಮ್ಮನೇಲಿ ಗೋಂದು ಇರ್ಲಿಲ್ಲ. ಅನ್ನ ಹಚ್ಚಿ ಅಂಟಿಸಿದ್ವಿ."