ಓದುಗರ ಪ್ರಶ್ನೆ: ‘ಸರ್ವಿಸ್ ಡಾಗ್’ ಅಂದವರ ಹತ್ತಿರ ಕಾರ್ಡ್ ಕೇಳಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ನಮ್ಮದೊಂದು ಪುಟ್ಟ ಇಂಡಿಯನ್ ಗ್ರೋಸರಿ ಇದೆ, ಒಳಗೇ ಇಡ್ಲಿ-ದೋಸೆ ಕೌಂಟರ್. ಶನಿವಾರ ಭಾನುವಾರ ಕೆಲವರು ನಾಯಿ ಕರೆದುಕೊಂಡು ಬರುತ್ತಾರೆ. ಬೇಡ ಅಂದರೆ ‘ಇದು ಸರ್ವಿಸ್ ಡಾಗ್’ ಅನ್ನುತ್ತಾರೆ. ಒಬ್ಬರು ಫೋಟೋ ಇರುವ ಕಾರ್ಡ್ ತೋರಿಸಿದರು, ಇನ್ನೊಬ್ಬರ ಹತ್ತಿರ ಏನೂ ಇರಲಿಲ್ಲ. ಕಾರ್ಡ್ ಇದ್ದವರನ್ನು ಬಿಟ್ಟು ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸಬಹುದಲ್ಲವೇ?

ಉತ್ತರ: ನಿಲ್ಲಿಸುವಂತಿಲ್ಲ. ಕಾರ್ಡ್ ಇದೆ ಎಂಬ ಒಂದೇ ಕಾರಣಕ್ಕೆ ಒಳಗೆ ಬಿಡಬೇಕಾಗಿಯೂ ಇಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನಿಸಿಕೊಂಡರೂ ಪರವಾಗಿಲ್ಲ, ಮತ್ತೊಮ್ಮೆ ಹೇಳುತ್ತೇವೆ: ಅಮೆರಿಕದಲ್ಲಿ ಸರ್ವಿಸ್ ಡಾಗ್‌ಗಳಿಗೆ, ಅಂದರೆ ಅಂಗವೈಕಲ್ಯ ಇರುವವರಿಗೆ ನೆರವಾಗುವ ಕೆಲಸ ಕಲಿತ ನಾಯಿಗಳಿಗೆ, ಸರ್ಕಾರಿ ನೋಂದಣಿ ಇಲ್ಲ. ಕಾರ್ಡ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ನಂಬರ್ ಇಲ್ಲ, ಹಾಕಲೇಬೇಕಾದ ಕೆಂಪು ಕೋಟೂ ಇಲ್ಲ. ನಿಮಗೆ ತೋರಿಸಿದ ಕಾರ್ಡ್ ಯಾವ ಇಲಾಖೆಯೂ ಕೊಟ್ಟಿದ್ದಲ್ಲ. ಇಲ್ಲದ್ದನ್ನು ಯಾರೂ ಕೊಡಲಾರರಲ್ಲ!

ಆ ಕಾರ್ಡ್ ಬರುವುದು ಹೀಗೆ. ‘ನ್ಯಾಷನಲ್’, ‘ರಿಜಿಸ್ಟ್ರಿ’, ‘ಅಫಿಷಿಯಲ್’ ಎಂಬ ಪದಗಳನ್ನು ಹಿಂದೆ ಮುಂದೆ ಜೋಡಿಸಿಕೊಂಡ ವೆಬ್‌ಸೈಟುಗಳು ಬೇಕಾದಷ್ಟಿವೆ. ನಾಯಿಯ ಹೆಸರು, ತಳಿ, ಒಂದು ಫೋಟೋ, ಕ್ರೆಡಿಟ್ ಕಾರ್ಡ್ ನಂಬರ್ ಕೊಟ್ಟರೆ ಸಾಕು. ನಾಯಿಯನ್ನು ಯಾರೂ ನೋಡುವುದಿಲ್ಲ, ತರಬೇತಿ ಆಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಪ್ಲಾಸ್ಟಿಕ್ ಕಾರ್ಡ್, ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್, ನಾಯಿಗೊಂದು ಕೋಟು ಅಂಚೆಯಲ್ಲಿ ಮನೆಗೇ ಬರುತ್ತವೆ. ಇಂಥ ಕಾಗದಗಳಿಂದ ಯಾವ ಹಕ್ಕೂ ಹುಟ್ಟುವುದಿಲ್ಲ, ನಾಯಿ ಸರ್ವಿಸ್ ಡಾಗ್ ಎಂಬುದಕ್ಕೆ ಅವನ್ನು ಪುರಾವೆಯಾಗಿ ಒಪ್ಪುವುದಿಲ್ಲ ಎಂದು ಅಮೆರಿಕದ ನ್ಯಾಯಾಂಗ ಇಲಾಖೆ ತನ್ನ ಪ್ರಶ್ನೋತ್ತರದಲ್ಲೇ ಬರೆದಿದೆ. ದುಡ್ಡು ಕೊಟ್ಟ ಎಷ್ಟೋ ಜನಕ್ಕೆ ಮೋಸ ಹೋಗಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ, ನಾಯಿ ನಿಜವಾಗಿಯೂ ‘ರಿಜಿಸ್ಟರ್’ ಆಗಿದೆ ಎಂದೇ ನಂಬಿರುತ್ತಾರೆ. ಗೊತ್ತಿದ್ದೂ ತೆಗೆದುಕೊಳ್ಳುವವರ ಮಾತು ಬೇರೆ.

ಕೋಟಿನ ಕತೆಯೂ ಇದೇ. ಕಾವಿ ಉಟ್ಟವರೆಲ್ಲ ಸನ್ಯಾಸಿಗಳಲ್ಲ ಎಂದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿರುವುದೇ ಸೋಜಿಗ. ಆ ಕೋಟು ಯಾರು ಬೇಕಾದರೂ ಕೊಳ್ಳಬಹುದಾದ ಬಟ್ಟೆ. ಅದಿಲ್ಲದೆ ಬರುವ ಅಪ್ಪಟ ಸರ್ವಿಸ್ ಡಾಗ್‌ಗಳೂ ಇವೆ.

ಹಾಗಾದರೆ ಸರ್ಕಾರವೇ ಒಂದು ಕಾರ್ಡ್ ಮಾಡಿಬಿಡಬಾರದೇ? ಈ ಪ್ರಶ್ನೆ ಬಂದೇ ಬರುತ್ತದೆ. ನೋಂದಣಿ ಇಲ್ಲದಿರುವುದು ಮರೆವಿನಿಂದಲ್ಲ, ಬೇಕೆಂದೇ. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್, ಅಂದರೆ ಅಂಗವಿಕಲರ ಹಕ್ಕಿನ ಕಾನೂನಾದ ಎಡಿಎ, ನಾಯಿಯನ್ನು ತರಬೇತಿ ಸಂಸ್ಥೆಯಿಂದಲೇ ಪಡೆಯಬೇಕು ಎನ್ನುವುದಿಲ್ಲ. ಸಂಸ್ಥೆಗಳು ಒಂದು ನಾಯಿಯನ್ನು ತಯಾರು ಮಾಡಲು ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಖರ್ಚು ಹತ್ತಾರು ಸಾವಿರ ಡಾಲರ್, ಕಾಯುವವರ ಪಟ್ಟಿ ಉದ್ದ. ಆದ್ದರಿಂದ ತಮ್ಮ ನಾಯಿಗೆ ತಾವೇ ತರಬೇತಿ ಕೊಟ್ಟುಕೊಳ್ಳಲು ಕಾನೂನು ಅವಕಾಶ ಇಟ್ಟಿದೆ. ಕಾರ್ಡ್ ಕಡ್ಡಾಯ ಮಾಡಿದರೆ ಮೊದಲು ಹೊರಗುಳಿಯುವವರು ಇವರೇ. ಅಲ್ಲದೆ, ಉಳಿದವರೆಲ್ಲ ಸುಮ್ಮನೆ ನಡೆದು ಬರುವ ಅಂಗಡಿಗೆ ಕಣ್ಣು ಕಾಣದವರು ಮಾತ್ರ ಪಾಸ್ ತೋರಿಸಿ ಬರಬೇಕು ಎಂದರೆ ಅದಕ್ಕೆ ತಾರತಮ್ಯ ಎಂದೇ ಹೆಸರು. ಊರಿನ ನಗರಾಡಳಿತವಾಗಲಿ ಕಾಲೇಜಾಗಲಿ ಸ್ವಇಚ್ಛೆಯ ಪಟ್ಟಿ ಇಟ್ಟುಕೊಳ್ಳಬಹುದು, ಕಡ್ಡಾಯ ಮಾಡುವಂತಿಲ್ಲ. ಊರಿನ ಎಲ್ಲ ನಾಯಿಗಳಿಗೂ ಇರುವ ಲೈಸೆನ್ಸು, ರೇಬೀಸ್ ಲಸಿಕೆ ಸರ್ವಿಸ್ ಡಾಗ್‌ಗಳಿಗೂ ಅನ್ವಯಿಸುತ್ತದೆ. ಅದು ನಾಯಿ ಸಾಕುವುದರ ಲೈಸೆನ್ಸು, ಸರ್ವಿಸ್ ಡಾಗ್ ಲೈಸೆನ್ಸಲ್ಲ. ಅಮೆರಿಕನ್ ಕೆನಲ್ ಕ್ಲಬ್ಬಿನ ‘ಕೆನೈನ್ ಗುಡ್ ಸಿಟಿಜನ್’ ಪದಕ ತೋರಿಸುವವರಿದ್ದಾರೆ. ಅದು 10 ಅಂಶಗಳ ನಡತೆ ಪರೀಕ್ಷೆ. ಒಳ್ಳೆಯದೇ, ಆದರೆ ಅದೂ ಇದಲ್ಲ.

ಇಷ್ಟಾದ ಮೇಲೂ ‘ಕಾರ್ಡ್ ತೋರಿಸಿದವರೆಲ್ಲ ಕಳ್ಳರು’ ಎಂಬ ತೀರ್ಮಾನಕ್ಕೆ ಹಾರಬೇಡಿ. ಬಾಗಿಲು ಬಾಗಿಲಲ್ಲೂ ವಾದ ಮಾಡಿ ಸಾಕಾಗಿ, ರಗಳೆಯೇ ಬೇಡ ಎಂದು ಕಾರ್ಡ್ ಇಟ್ಟುಕೊಂಡ ನಿಜವಾದ ಅಗತ್ಯದವರೂ ಇದ್ದಾರೆ. ಕಾರ್ಡ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡು ಪ್ರಶ್ನೆ. ನಾಯಿಯ ಕೆಲಸ ಕಣ್ಣಿಗೆ ಕಾಣುತ್ತಿದ್ದರೆ, ಅಂದರೆ ಅಂಧರೊಬ್ಬರನ್ನು ಹಿಡಿಕೆಯ ಪಟ್ಟಿಯಲ್ಲಿ ನಡೆಸಿಕೊಂಡು ಬರುತ್ತಿದ್ದರೆ ಅಥವಾ ಗಾಲಿಕುರ್ಚಿ ಎಳೆಯುತ್ತಿದ್ದರೆ, ಇವೆರಡನ್ನೂ ಕೇಳಬಾರದು. ಕಾಣದಿದ್ದಾಗ ಮಾತ್ರ ಕೇಳಿ. ಒಂದು, ಅಂಗವೈಕಲ್ಯದ ಕಾರಣಕ್ಕೆ ಬೇಕಾಗಿರುವ ಸರ್ವಿಸ್ ಡಾಗ್ ಇದು ಹೌದೇ? ಎರಡು, ಯಾವ ಕೆಲಸ ಮಾಡಲು ಇದಕ್ಕೆ ತರಬೇತಿ ಆಗಿದೆ? ಅಲ್ಲಿಗೆ ನಿಲ್ಲಿಸಿ. ‘ನಿಮಗೇನು ಕಾಯಿಲೆ’ ಎನ್ನಬೇಡಿ, ಡಾಕ್ಟರ ಚೀಟಿ ಕೇಳಬೇಡಿ, ‘ಎಲ್ಲಿ, ಮಾಡಿಸಿ ತೋರಿಸಿ’ ಎನ್ನಬೇಡಿ. ‘ನೋಡಿದರೆ ಚೆನ್ನಾಗೇ ಇದ್ದೀರಲ್ಲ’ ಎಂಬ ನಮ್ಮ ಕಡೆಯ ಲೋಕಾಭಿರಾಮದ ಮಾತಂತೂ ಬೇಡವೇ ಬೇಡ. ಫಿಟ್ಸ್, ಸಕ್ಕರೆ ಕಾಯಿಲೆ, ಯುದ್ಧದಿಂದ ಬಂದವರ ಮಾನಸಿಕ ಆಘಾತ ಯಾವುದೂ ಮುಖದ ಮೇಲೆ ಬರೆದಿರುವುದಿಲ್ಲ.

ಎರಡನೆಯ ಪ್ರಶ್ನೆಯ ಉತ್ತರವನ್ನು ಕಿವಿಗೊಟ್ಟು ಕೇಳಿ, ವ್ಯತ್ಯಾಸ ಇರುವುದು ಅಲ್ಲೇ. ‘ಸಕ್ಕರೆ ಇಳಿದರೆ ಎಚ್ಚರಿಸುತ್ತದೆ’, ‘ಮಾತ್ರೆಯ ಹೊತ್ತು ನೆನಪಿಸುತ್ತದೆ’, ‘ಗಾಬರಿ ಶುರುವಾಗುವುದನ್ನು ಗುರುತಿಸಿ ಮೈಮೇಲೆ ಒರಗಿ ತಡೆಯುತ್ತದೆ’: ಇವು ಕೆಲಸಗಳು. ‘ಜೊತೆಗಿದ್ದರೆ ಸಮಾಧಾನ’ ಎಂಬುದು ಕೆಲಸವಲ್ಲ. ಸಮಾಧಾನ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಆದರೆ ಅಂಥದ್ದು ‘ಎಮೋಷನಲ್ ಸಪೋರ್ಟ್’ ಪ್ರಾಣಿ, ಎಡಿಎ ಪ್ರಕಾರ ಅಂಗಡಿ ಹೋಟೆಲಿನೊಳಗೆ ಅದಕ್ಕೆ ಹಕ್ಕಿಲ್ಲ. ನಾಯಿ ಬಿಟ್ಟು ಬೇರೆ ಪ್ರಾಣಿಗೂ ಇಲ್ಲ. 2011ರ ಮಾರ್ಚ್ 15ರಿಂದ ಜಾರಿಯಲ್ಲಿರುವ ನಿಯಮ ಸರ್ವಿಸ್ ಅನಿಮಲ್ ಅಂದರೆ ನಾಯಿ ಎಂದೇ ಹೇಳುತ್ತದೆ. ಬೆಕ್ಕು, ಗಿಳಿ, ಹೆಬ್ಬಾವು ಎಲ್ಲ ಹೊರಗೆ. ಒಂದೇ ವಿನಾಯಿತಿ ಗಿಡ್ಡ ಕುದುರೆ. ಭುಜದವರೆಗೆ ಸಾಮಾನ್ಯವಾಗಿ 24ರಿಂದ 34 ಅಂಗುಲ ಎತ್ತರ, 70ರಿಂದ 100 ಪೌಂಡ್ ತೂಕ. ನಗಬೇಡಿ, ಅವೂ ದಾರಿ ತೋರಿಸುತ್ತವೆ. ಆದರೆ ನಿಮ್ಮ ಬೇಳೆ ಅಕ್ಕಿ ಸಾಲುಗಳ ನಡುವೆ ಅದು ಹಿಡಿಸುತ್ತದೆಯೇ, ಮಾಲೀಕರ ಹತೋಟಿಯಲ್ಲಿದೆಯೇ ಎಂದು ನೋಡುವ ಅವಕಾಶ ನಿಮಗಿದೆ.

‘ಎರಡೂ ಪ್ರಶ್ನೆಗೆ ಸುಳ್ಳು ಹೇಳಿದರೆ?’ ಹೇಳಬಹುದು, ಹೇಳುತ್ತಾರೆ. ಆಗ ನಾಯಿಯನ್ನು ನೋಡಿ. ಆಳು ನೋಡಿದರೆ ಅಲಂಕಾರ, ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಈ ಕೋಟುಧಾರಿಗಳಿಗೆ ಹೇಳಿ ಮಾಡಿಸಿದ ಗಾದೆ. ತರಬೇತಾದ ನಾಯಿ ಮೇಜಿನ ಕೆಳಗೆ ಮಲಗಿದರೆ ಅದು ಅಲ್ಲಿರುವುದೇ ಮರೆತುಹೋಗುತ್ತದೆ. ಬಿದ್ದ ವಡೆಯನ್ನು ಮೂಸುವುದಿಲ್ಲ, ಮಗು ಕಿರುಚಿದರೆ ಎದ್ದು ನಿಲ್ಲುವುದಿಲ್ಲ. ಸಾಕುನಾಯಿ ಎಂಥ ಜಾಣನಾದರೂ ಹೊಸ ಜಾಗ, ಮಸಾಲೆ ವಾಸನೆ, ಟ್ರಾಲಿಗಳ ಸದ್ದಿನಲ್ಲಿ ಐದು ನಿಮಿಷಕ್ಕೆ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ. ತಾವೇ ತರಬೇತಿ ಕೊಡುವವರು ಸಾಮಾನ್ಯವಾಗಿ ಪಾಲಿಸುವ ಕನಿಷ್ಠ ಮಟ್ಟವೇ ಆರು ತಿಂಗಳಲ್ಲಿ 120 ಗಂಟೆ, ಅದರಲ್ಲಿ 30 ಗಂಟೆ ಜನರ ನಡುವೆ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ, ನಾಯಿಯ ನಡತೆ ಮಾತ್ರ ಅದನ್ನು ಹೇಳಿಬಿಡುತ್ತದೆ.

ಕಾನೂನು ನಿಮ್ಮ ಕೈಗೆ ಕೊಟ್ಟಿರುವ ಅಧಿಕಾರವೂ ಇಲ್ಲೇ ಇದೆ, ಯಾಕೋ ಯಾರೂ ಬಳಸುವುದಿಲ್ಲ. ನಾಯಿ ಹತೋಟಿ ತಪ್ಪಿ, ಮಾಲೀಕರು ಅದನ್ನು ಸರಿಯಾಗಿ ತಡೆಯದಿದ್ದರೆ ಅಥವಾ ಅಂಗಡಿಯೊಳಗೆ ಹೇಸಿಗೆ ಮಾಡುವ ನಾಯಿಯಾಗಿದ್ದರೆ ಹೊರಗೆ ಕಳಿಸಬಹುದು. ನಿಜವಾದ ಸರ್ವಿಸ್ ಡಾಗ್ ಆಗಿದ್ದರೂ ಸರಿ! ಅಂದಮೇಲೆ ನಿಜವೋ ಸುಳ್ಳೋ ಎಂದು ಪತ್ತೇದಾರಿಕೆ ಮಾಡುವ ಅಗತ್ಯವೇ ಬೀಳುವುದಿಲ್ಲ. ಒಮ್ಮೆ ಬೊಗಳಿದರೆ, ಯಾರೋ ಕೆಣಕಿದ್ದಕ್ಕೆ ಬೊಗಳಿದರೆ ಅದು ಹತೋಟಿ ತಪ್ಪಿದ್ದಲ್ಲ. ಮತ್ತೆ ಮತ್ತೆ ಬೊಗಳುವುದು, ಗಿರಾಕಿಗಳ ಮೇಲೆ ಎಗರುವುದು, ಬೆಲ್ಟ್ ಬಿಚ್ಚಿ ಅಲೆಯುವುದು ತಪ್ಪು. ಬೆಲ್ಟ್ ಕಡ್ಡಾಯ. ಅಂಗವೈಕಲ್ಯದಿಂದ ಹಿಡಿಯಲಾಗದಿದ್ದರೆ ಅಥವಾ ನಾಯಿಯ ಕೆಲಸಕ್ಕೆ ಬೆಲ್ಟ್ ಅಡ್ಡಿಯಾಗುವಂತಿದ್ದರೆ ಮಾತಿನಲ್ಲೋ ಸನ್ನೆಯಲ್ಲೋ ಹಿಡಿತ ಇರಬೇಕು.

ಕಳಿಸುವಾಗ ಮಾತು ನಾಯಿಯ ಬಗ್ಗೆ ಇರಲಿ, ಮನುಷ್ಯರ ಬಗ್ಗೆ ಬೇಡ. ‘ನಿಮ್ಮದು ನಕಲಿ’ ಎಂದಿರೋ, ಕೆಟ್ಟಿತು. ‘ನಾಯಿ ಎರಡು ಸಲ ಗಿರಾಕಿಗಳ ಮೇಲೆ ಎಗರಿತು, ದಯವಿಟ್ಟು ಹೊರಗೆ ಬಿಡಿ. ನೀವು ಬನ್ನಿ, ಬೇಕಾದ ಸಾಮಾನು ಕೊಡುತ್ತೇವೆ’ ಎನ್ನಿ. ಈ ಕೊನೆಯ ಮಾತು ಸೌಜನ್ಯಕ್ಕಷ್ಟೇ ಅಲ್ಲ, ನಾಯಿ ಇಲ್ಲದೆ ಬಂದು ಕೊಳ್ಳುವ ಅವಕಾಶ ಕೊಡಲೇಬೇಕೆಂದು ನಿಯಮವೇ ಇದೆ. ತಾರೀಖು, ಹೊತ್ತು, ನಾಯಿ ಮಾಡಿದ್ದೇನು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಕೌಂಟರಿನಲ್ಲಿ ಪಾರ್ಟ್ ಟೈಮ್ ನಿಲ್ಲುವ ಹುಡುಗರಿಗೆ ಆ ಎರಡು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿ. ಎಡವುವವರು ಹೆಚ್ಚಾಗಿ ಅವರೇ, ಮತ್ತು ಎಡಿಎ ಉಲ್ಲಂಘನೆಗೆ ಸರ್ಕಾರ ಕೇಳಬಹುದಾದ ದಂಡದ ಗರಿಷ್ಠ ಮಿತಿ ಮೊದಲ ಸಲಕ್ಕೇ 75,000 ಡಾಲರಿಗೂ ಹೆಚ್ಚು. ಗೊಂದಲವಾದರೆ ನ್ಯಾಯಾಂಗ ಇಲಾಖೆಯ ಎಡಿಎ ಸಹಾಯವಾಣಿ 800-514-0301 ಇದೆ.

ನಿಮ್ಮ ದೋಸೆ ಕೌಂಟರಿನ ಬಗ್ಗೆ: ಗಿರಾಕಿಗಳು ನಿಲ್ಲುವ ಸಾಲಿಗೆ, ಕೂರುವ ಜಾಗಕ್ಕೆ, ಬಫೆ ಇದ್ದರೆ ಅಲ್ಲಿಗೂ ಸರ್ವಿಸ್ ಡಾಗ್ ಬರಬಹುದು. ‘ಹೆಲ್ತ್ ಡಿಪಾರ್ಟ್‌ಮೆಂಟ್ ಬೈಯುತ್ತದೆ’ ಎಂಬ ನೆಪ ನಡೆಯುವುದಿಲ್ಲ. ಬೇರೆ ಗಿರಾಕಿಗೆ ಅಲರ್ಜಿ, ನಿಮ್ಮ ಅಡುಗೆಯವರಿಗೆ ನಾಯಿ ಎಂದರೆ ಭಯ, ಇವೂ ಕಾರಣವಲ್ಲ, ದೂರ ದೂರ ಕೂರಿಸಿ. ಕುರ್ಚಿಯ ಮೇಲೆ ಹತ್ತಿಸುವುದು, ತಟ್ಟೆಯಿಂದ ತಿನ್ನಿಸುವುದಕ್ಕೆ ಮಾತ್ರ ನೀವು ಒಪ್ಪಬೇಕಿಲ್ಲ. ಟ್ರಾಲಿಯಲ್ಲಿ ಕೂರಿಸುವುದಕ್ಕೂ ಇಲ್ಲ. ನಾಯಿ ನೆಲದ ಮೇಲಿರಬೇಕು, ಇಲ್ಲವೇ ಅವರೇ ಎತ್ತಿಕೊಳ್ಳಬೇಕು. ಎದೆಗೆ ಚೀಲ ಕಟ್ಟಿಕೊಂಡು ಪುಟ್ಟ ನಾಯಿಯನ್ನು ಹೊತ್ತುಬಂದರೆ ಆಡಿಕೊಳ್ಳಬೇಡಿ. ಉಸಿರಿನ ವಾಸನೆಯಿಂದ ಸಕ್ಕರೆಯ ಏರಿಳಿತ ಹಿಡಿಯುವ ನಾಯಿಗೆ ಮುಖದ ಹತ್ತಿರವೇ ಜಾಗ ಬೇಕು.

ಸುಳ್ಳು ಹೇಳುವವರಿಗೆ ಶಿಕ್ಷೆ ಇಲ್ಲವೇ? ಇದೆ. ಇರುವುದು ರಾಜ್ಯಗಳ ಕಾನೂನಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ ಅಥವಾ ಎರಡೂ. ಟೆಕ್ಸಸ್ 2023ರ ಸೆಪ್ಟೆಂಬರಿನಿಂದ ದಂಡವನ್ನು 1,000 ಡಾಲರ್‌ವರೆಗೆ ಏರಿಸಿ, ಜೊತೆಗೆ 30 ಗಂಟೆ ಸಮುದಾಯ ಸೇವೆ ಇಟ್ಟಿದೆ. ಫ್ಲೋರಿಡಾದಲ್ಲೂ 30 ಗಂಟೆ ಸೇವೆ ಉಂಟು. ಆದರೆ ಗೊತ್ತಿದ್ದೇ ಸುಳ್ಳು ಹೇಳಿದರೆಂದು ಸಾಬೀತು ಮಾಡಬೇಕು, ಕಾಯಿಲೆಯ ವಿವರ ಕೇಳುವಂತಿಲ್ಲ. ಹಾಗಾಗಿ ಕೇಸುಗಳು ಅಪರೂಪ. ನಷ್ಟ ಅನುಭವಿಸುವವರು ಮಾತ್ರ ಬೇರೆಯವರು. ಕೋಟು ತೊಟ್ಟ ಸಾಕುನಾಯಿಯೊಂದು ಎಗರಿ ಕಚ್ಚಿದರೆ, ಅಂಧರ ಕಣ್ಣಾಗಿರುವ ನಾಯಿ ಆಮೇಲೆ ಬೇರೆ ನಾಯಿ ಕಂಡರೆ ನಡುಗಬಹುದು. ನಡುರಸ್ತೆಯಲ್ಲಿ ನಡುಗುವ ನಾಯಿ ದಾರಿ ತೋರಿಸಲಾರದು. ಎರಡು ವರ್ಷದ ತರಬೇತಿ ಒಂದು ನಿಮಿಷದಲ್ಲಿ ನೀರುಪಾಲು.

ಇನ್ನು ಯಾರೂ ಕೇಳದಿದ್ದರೂ ಹೇಳಿಬಿಡೋಣ, ದೇವಸ್ಥಾನದ ವಿಷಯ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ಭಾಗ ಅನ್ವಯಿಸುವುದಿಲ್ಲ. ಚರ್ಚಿಗೆ ಹೇಗೋ ಅಲ್ಲಿನ ನಮ್ಮ ಗುಡಿಗಳಿಗೂ ಹಾಗೆಯೇ. ಒಳಗೆ ಬಿಡುವುದು ಬಿಡದಿರುವುದು ಆಡಳಿತ ಮಂಡಳಿಗೆ ಸೇರಿದ್ದು, ರಾಜ್ಯದ ಕಾನೂನು ಬೇರೆ ಏನಾದರೂ ಹೇಳದಿದ್ದರೆ. ಆದರೆ ಕನ್ನಡ ಕೂಟದವರು ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ಟಿಕೆಟ್ ಮಾರಿ ರಾಜ್ಯೋತ್ಸವ ಮಾಡಿದರೆ ಆ ವಿನಾಯಿತಿ ಇಲ್ಲ. ಕೂಟ ದೇವಸ್ಥಾನವಲ್ಲ, ಭುವನೇಶ್ವರಿಯ ಪಟ ಇಟ್ಟು ಆರತಿ ಎತ್ತಿದರೂ ಅಲ್ಲ. ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರಿಗೂ ಆ ಎರಡು ಪ್ರಶ್ನೆ ಕಲಿಸಿಡಿ.

ವಿಮಾನಕ್ಕೆ ಕಾನೂನೇ ಬೇರೆ, ಅಲ್ಲಿ ಕಾಗದ ಬೇಕು. 2021ರ ಜನವರಿ 11ರಿಂದ ವಿಮಾನ ಕಂಪನಿಗಳು ಎಮೋಷನಲ್ ಸಪೋರ್ಟ್ ಪ್ರಾಣಿಯನ್ನು ಸಾಕುಪ್ರಾಣಿ ಎಂದೇ ಪರಿಗಣಿಸಿ ದುಡ್ಡು ಕೇಳಬಹುದು. ಸರ್ವಿಸ್ ಡಾಗ್‌ಗೆ ಸಾರಿಗೆ ಇಲಾಖೆಯ ನಮೂನೆ ತುಂಬಿಸಿಕೊಳ್ಳಬಹುದು, 48 ಗಂಟೆ ಮೊದಲೇ ಕೇಳಬಹುದು. 8 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಪಯಣಕ್ಕೆ, ನಾಯಿ ಅಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬ ಇನ್ನೊಂದು ನಮೂನೆ. ಇವುಗಳಲ್ಲಿ ಸುಳ್ಳು ಬರೆದರೆ ಅದು ಫೆಡರಲ್ ಅಪರಾಧ.

‘ಬೆಂಗಳೂರಿನಿಂದ ನಮ್ಮ ಲ್ಯಾಬ್ರಡಾರನ್ನು ಸರ್ವಿಸ್ ಡಾಗ್ ಅಂತ ಕರೆತಂದರೆ ಸುಲಭವಂತೆ’ ಎನ್ನುವವರಿಗಂತೂ ಕೈಮುಗಿಯಬೇಕು. ರೇಬೀಸ್ ಲೆಕ್ಕದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಗೆ ಭಾರತ ಹೆಚ್ಚಿನ ಅಪಾಯದ ದೇಶ. 2024ರ ಆಗಸ್ಟ್ 1ರಿಂದ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು, ಸಿಡಿಸಿಯ ಆಮದು ನಮೂನೆ ತುಂಬಿರಬೇಕು. ಲಸಿಕೆ ಭಾರತದಲ್ಲೇ ಹಾಕಿಸಿದ್ದರೆ ಅದಕ್ಕೆ ಸರ್ಕಾರಿ ಪಶುವೈದ್ಯರು ದೃಢೀಕರಿಸಿದ ಪ್ರಮಾಣಪತ್ರ ಬೇಕು, ಸಿಡಿಸಿ ನೋಂದಾಯಿತ ಆರೈಕೆ ಕೇಂದ್ರ ಇರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ಲಸಿಕೆ ಫಲಿಸಿದೆ ಎಂದು ತೋರಿಸುವ ರಕ್ತ ಪರೀಕ್ಷೆಯ (ಟೈಟರ್) ವರದಿ ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲೇ ನಾಯಿಗೆ 28 ದಿನ ಕ್ವಾರಂಟೈನ್. ಸರ್ವಿಸ್ ಡಾಗ್ ಎಂದ ಮಾತ್ರಕ್ಕೆ ಇದರಲ್ಲಿ ರಿಯಾಯಿತಿ ಇಲ್ಲ.