ಪ್ರೊಜೆಕ್ಟರ್ ನೋಟ್ಸ್: ಮೊದಲು ಜಾಗ, ಆಮೇಲೆ ಬಟನ್

ಮಲ್ಟಿಮೀಡಿಯಾ ಪ್ರೊಜೆಕ್ಟರ್ ಜೋಡಿಸುವ ಪಾಠ ಮುಗಿದ ಕೂಡಲೇ ಬರೆದಿಟ್ಟ ಟಿಪ್ಪಣಿ ಇದು. ಪ್ಲಗ್ ಹಾಕುವುದು, ಲೆನ್ಸ್ ಮುಚ್ಚಳ ತೆಗೆಯುವುದು, ಪವರ್ ಬಟನ್ ಒತ್ತುವುದು ಯಾರಿಗಾದರೂ ಗೊತ್ತಾಗುತ್ತದೆ, ಅದನ್ನೆಲ್ಲ ಬಿಟ್ಟಿದ್ದೇನೆ. ನನ್ನ ತಲೆ ತಿಂದಿದ್ದು ಎರಡು ವಿಷಯ. ಪೆಟ್ಟಿಗೆಯನ್ನು ಎಷ್ಟು ದೂರದಲ್ಲಿ ಇಡಬೇಕು? ಚಿತ್ರ ಯಾಕೆ ಸೊಟ್ಟ ಬರುತ್ತದೆ? ಹಾಗಾಗಿ ಅವೇ ಇಲ್ಲಿ ಜಾಸ್ತಿ ಜಾಗ ಹಿಡಿದಿವೆ.

ದೂರದ ಲೆಕ್ಕ

ಸಾಮಾನ್ಯವಾಗಿ ಪ್ರೊಜೆಕ್ಟರ್‌ನ ಮ್ಯಾನ್ಯುಯಲ್‌ನಲ್ಲಿ ಥ್ರೋ ರೇಶಿಯೋ ಅಂತ ಒಂದು ಸಂಖ್ಯೆ ಇರುತ್ತದೆ. ಲೆನ್ಸ್‌ನಿಂದ ಪರದೆಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದೇ ಅದು. 1.5 ಎಂದಿದ್ದರೆ 3 ಮೀಟರ್ ದೂರದಿಂದ 2 ಮೀಟರ್ ಅಗಲದ ಚಿತ್ರ ಬೀಳುತ್ತದೆ. ಇಷ್ಟೇ ಆಗಿದ್ದರೆ ಸುಲಭ.

ಗೊಂದಲ ಶುರುವಾಗುವುದು ಪರದೆಯ ಅಳತೆಯಿಂದ. ಪರದೆಯನ್ನು ಎಲ್ಲರೂ ‘100 ಇಂಚು’ ಅಂತ ಕರೆಯುತ್ತಾರೆ. ಅದು ಮೂಲೆಯಿಂದ ಮೂಲೆಗೆ, ಅಂದರೆ ಕರ್ಣದ ಅಳತೆ. ನಮ್ಮ ಲೆಕ್ಕಕ್ಕೆ ಬೇಕಾದ್ದು ಅಗಲ. 100 ಇಂಚು ಅಂದರೆ 254 ಸೆಂ.ಮೀ. ಆದರೆ 16:10 ಆಕಾರದ (ಅಗಲ 16 ಪಾಲು, ಎತ್ತರ 10 ಪಾಲು) ಪರದೆಯಲ್ಲಿ ಅಗಲ ಸುಮಾರು 215 ಸೆಂ.ಮೀ. ಮಾತ್ರ. 16:9 ಆದರೆ 221, ಹಳೆಯ 4:3 ಆದರೆ 203. ನೆನಪಿಡಲು ಸುಲಭದ ದಾರಿ ಇದೆ: ಕರ್ಣವನ್ನು 16:10ಕ್ಕೆ 0.85ರಿಂದ, 16:9ಕ್ಕೆ 0.87ರಿಂದ, 4:3ಕ್ಕೆ 0.8ರಿಂದ ಗುಣಿಸಿದರೆ ಅಗಲ ಸಿಗುತ್ತದೆ.

ಈಗ ಒಂದು ಪೂರ್ತಿ ಉದಾಹರಣೆ. ಜೂಮ್ ಇರುವ ಪ್ರೊಜೆಕ್ಟರ್‌ಗೆ ಒಂದು ಸಂಖ್ಯೆ ಇರುವುದಿಲ್ಲ, ಎರಡು ಇರುತ್ತವೆ. 1.3ರಿಂದ 1.56 ಅಂತಿಟ್ಟುಕೊಳ್ಳಿ. ಪರದೆ 16:10, 100 ಇಂಚು, ಅಗಲ 215 ಸೆಂ.ಮೀ. ಹತ್ತಿರದ ಮಿತಿ 215 × 1.3, ಅಂದರೆ ಸುಮಾರು 280 ಸೆಂ.ಮೀ. ದೂರದ ಮಿತಿ 215 × 1.56, ಅಂದರೆ ಸುಮಾರು 335 ಸೆಂ.ಮೀ. ಈ ಅರ್ಧ ಮೀಟರ್ ಚಿಲ್ಲರೆ ಜಾಗದೊಳಗೆ ಪೆಟ್ಟಿಗೆ ಎಲ್ಲಿದ್ದರೂ ಜೂಮ್ ತಿರುಗಿಸಿ ಪರದೆ ತುಂಬಿಸಬಹುದು. ಅದರಾಚೆ ಹೋದರೆ ಜೂಮ್ ಕೈಗೆ ಬರುವುದಿಲ್ಲ. ಅಗಲದ ಬದಲು ಕರ್ಣವನ್ನೇ ಹಾಕಿ ಲೆಕ್ಕ ಮಾಡಿದರೆ 330ರಿಂದ 396 ಅಂತ ಬರುತ್ತದೆ. ಮೇಜನ್ನು ಅಲ್ಲಿಟ್ಟರೆ ಚಿತ್ರ ಪರದೆಯಿಂದ ಹೊರಗೆ ಚೆಲ್ಲುತ್ತದೆ.

ಕೆಲವೊಮ್ಮೆ ಲೆಕ್ಕ ಉಲ್ಟಾ ಬೇಕಾಗುತ್ತದೆ. ಮೇಜನ್ನು ಇಡಲು 4 ಮೀಟರ್ ದೂರದಲ್ಲೇ ಜಾಗ ಇದೆ, ಚಿತ್ರ ಎಷ್ಟು ಅಗಲ ಬರುತ್ತದೆ? 400ನ್ನು 1.56ರಿಂದ ಭಾಗಿಸಿದರೆ 256 ಸೆಂ.ಮೀ. ಅದು ಬರಬಹುದಾದ ಅತಿ ಚಿಕ್ಕ ಚಿತ್ರ. 215ರ ಪರದೆಗೆ ಅದು ದೊಡ್ಡದೇ. ನಾನು ಬಾಯಿಪಾಠ ಮಾಡಿಕೊಂಡಿದ್ದು ಹೀಗೆ: ಅಗಲ ಗೊತ್ತಿದ್ದರೆ ಗುಣಿಸು, ದೂರ ಗೊತ್ತಿದ್ದರೆ ಭಾಗಿಸು. ಟೇಪ್ ಹಿಡಿಯುವಾಗ ಲೆನ್ಸ್‌ನಿಂದ ಅಳೆಯಿರಿ, ಪೆಟ್ಟಿಗೆಯ ಬೆನ್ನಿನಿಂದ ಅಲ್ಲ.

ಥ್ರೋ ರೇಶಿಯೋ 1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಶಾರ್ಟ್ ಥ್ರೋ ಅನ್ನುತ್ತಾರೆ. ಸುಮಾರು 0.4ಕ್ಕಿಂತ ಕೆಳಗಿನದು ಅಲ್ಟ್ರಾ ಶಾರ್ಟ್ ಥ್ರೋ, ಗೋಡೆಯ ಬುಡದಲ್ಲೇ ಕೂರುವಂಥದ್ದು. ಅದರಲ್ಲಿ ಒಂದು ತಮಾಷೆ ಇದೆ. ರೇಶಿಯೋ 0.25 ಇದ್ದರೆ ಪೆಟ್ಟಿಗೆಯನ್ನು 1 ಸೆಂ.ಮೀ. ಹಿಂದೆ ಸರಿಸಿದರೂ ಚಿತ್ರ 4 ಸೆಂ.ಮೀ. ಅಗಲವಾಗುತ್ತದೆ. ಗೋಡೆ ಚೂರು ಉಬ್ಬಿದ್ದರೂ ಗೆರೆಗಳು ಬಾಗಿ ಕಾಣುತ್ತವೆ.

ಚಿತ್ರ ಯಾಕೆ ಸೊಟ್ಟ?

ಟಾರ್ಚನ್ನು ಗೋಡೆಗೆ ನೇರ ಹಿಡಿದರೆ ಬೆಳಕು ದುಂಡಗೆ ಬೀಳುತ್ತದೆ, ಓರೆ ಹಿಡಿದರೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಇಲ್ಲೂ ಅದೇ ಕಥೆ. ಪ್ರೊಜೆಕ್ಟರ್ ಮೂತಿ ಎತ್ತಿದರೆ ಚಿತ್ರದ ಮೇಲಂಚಿಗೆ ಹೋಗುವ ಬೆಳಕು ಕೆಳಂಚಿಗೆ ಹೋಗುವುದಕ್ಕಿಂತ ಜಾಸ್ತಿ ದೂರ ಸಾಗುತ್ತದೆ. ದೂರ ಹೋದಷ್ಟೂ ಹರಡುತ್ತದೆ. ಹಾಗಾಗಿ ಮೇಲೆ ಅಗಲ, ಕೆಳಗೆ ಕಿರಿದು. ಇದಕ್ಕೇ ಕೀಸ್ಟೋನ್ ಅನ್ನುವುದು. ಪೆಟ್ಟಿಗೆಯನ್ನು ಪರದೆಯ ಪಕ್ಕಕ್ಕಿಟ್ಟು ಓರೆ ತಿರುಗಿಸಿದರೆ ಇದೇ ತೊಂದರೆ ಎಡ ಬಲಗಳಲ್ಲಿ ಕಾಣಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅಲ್ವಾ? ಮೇಜು ಯಾವಾಗಲೂ ಪರದೆಗಿಂತ ಕೆಳಗೇ ಇರುತ್ತದೆ. ಮೂತಿ ಎತ್ತದೆ ಚಿತ್ರ ಮೇಲೆ ಹೋಗುವುದು ಹೇಗೆ? ನನಗೆ ತುಂಬಾ ಹೊತ್ತು ಬಗೆಹರಿಯದೆ ಉಳಿದಿದ್ದು ಇದೇ. ಉತ್ತರ ಲೆನ್ಸ್‌ನೊಳಗಿದೆ. ಮೇಜಿನ ಮೇಲಿಡುವ ಪ್ರೊಜೆಕ್ಟರ್‌ಗಳಲ್ಲಿ ಬೆಳಕು ಲೆನ್ಸ್‌ನ ನಡುವಿನಿಂದ ನೇರ ಮುಂದಕ್ಕೆ ಹೋಗುವುದಿಲ್ಲ. ಹುಟ್ಟಿನಿಂದಲೇ ಅದು ಮೇಲ್ಮುಖ. ಪೆಟ್ಟಿಗೆ ಸಮತಟ್ಟಾಗಿ ಕೂತಿದ್ದರೂ ಚಿತ್ರದ ಕೆಳಂಚು ಹೆಚ್ಚುಕಡಿಮೆ ಲೆನ್ಸ್ ಎತ್ತರದಲ್ಲಿ, ಇಲ್ಲವೇ ಅದಕ್ಕಿಂತ ಸ್ವಲ್ಪ ಮೇಲೆ ಬೀಳುತ್ತದೆ. ಇದನ್ನು ಆಫ್‌ಸೆಟ್ ಅನ್ನುತ್ತಾರೆ. ಪೆಟ್ಟಿಗೆ ಓರೆಯಾಗಿಲ್ಲ, ಹಾಗಾಗಿ ಚಿತ್ರ ಆಯತವಾಗಿಯೇ ಇರುತ್ತದೆ.

ಇದು ಹೊಳೆದ ಮೇಲೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಚಿತ್ರ ಕೆಳಗೆ ಬಿದ್ದರೆ ಮೂತಿ ಎತ್ತಬಾರದು, ಇಡೀ ಪೆಟ್ಟಿಗೆಯನ್ನೇ ಎತ್ತರಕ್ಕೆ ಏರಿಸಬೇಕು. ಲೆನ್ಸ್ ಪರದೆಯ ಕೆಳಂಚಿನ ಮಟ್ಟಕ್ಕೆ ಬಂದರೆ ಸಾಕು. ಸೀಲಿಂಗ್‌ಗೆ ಹಾಕುವಾಗ ಪ್ರೊಜೆಕ್ಟರನ್ನು ಯಾಕೆ ತಲೆಕೆಳಗಾಗಿ ತೂಗುಹಾಕುತ್ತಾರೆ ಅನ್ನುವುದೂ ಇದರಿಂದಲೇ ಅರ್ಥವಾಗುತ್ತದೆ. ತಿರುಗಿಸಿದಾಗ ಆಫ್‌ಸೆಟ್ ಕೆಳಮುಖವಾಗುತ್ತದೆ. ಚಿತ್ರ ಉಲ್ಟಾ ಆಗುವುದನ್ನು ಮೆನುವಿನ ಸೀಲಿಂಗ್ ಆಯ್ಕೆ ಸರಿಮಾಡುತ್ತದೆ. ಲೆನ್ಸ್ ಶಿಫ್ಟ್ ಇರುವ ಮಾಡೆಲ್ ಸಿಕ್ಕರಂತೂ ಅದೃಷ್ಟ. ಪೆಟ್ಟಿಗೆ ಅಲುಗಾಡದೆ ಲೆನ್ಸ್ ಮಾತ್ರ ಸರಿದು ಚಿತ್ರ ಮೇಲೆ ಕೆಳಗೆ ಹೋಗುತ್ತದೆ, ಆಕಾರ ಕೆಡುವುದಿಲ್ಲ.

ಹಾಗಾದರೆ ರಿಮೋಟ್‌ನಲ್ಲಿ ಕೀಸ್ಟೋನ್ ಬಟನ್ ಯಾಕಿದೆ? ಬೇರೆ ದಾರಿ ಇಲ್ಲದಾಗ ಅಂತ. ಅದು ಬೆಳಕಿನ ದಾರಿಯನ್ನು ಬದಲಿಸುವುದಿಲ್ಲ. ಒಳಗೆ ಚಿತ್ರ ಮೂಡಿಸುವ ಪುಟ್ಟ ಪ್ಯಾನೆಲ್‌ನಲ್ಲಿ ಚಿತ್ರವನ್ನು ಬೇಕಂತಲೇ ಉಲ್ಟಾ ಸೊಟ್ಟ ಮಾಡುತ್ತದೆ, ಪರದೆ ತಲುಪುವಾಗ ಎರಡು ಸೊಟ್ಟಗಳು ಸೇರಿ ನೆಟ್ಟಗಾಗುತ್ತವೆ. ಇದಕ್ಕೆ ಬೆಲೆ ತೆರಬೇಕು. 1280 × 800 ಚುಕ್ಕೆಗಳ ಪ್ಯಾನೆಲ್‌ನಲ್ಲಿ ಮೇಲಿನ ಸಾಲನ್ನು 1100 ಚುಕ್ಕೆಗೆ ಅಮುಕಿದರೆ ಉಳಿದ 180 ಚುಕ್ಕೆಗಳು ಸುಮ್ನೆ ಕಪ್ಪಾಗಿ ಕೂರುತ್ತವೆ. ಚಿತ್ರದ ಒಂದು ಚುಕ್ಕೆಗೆ ಪ್ಯಾನೆಲ್‌ನ ಒಂದು ಚುಕ್ಕೆ ಅನ್ನುವ ಹೊಂದಾಣಿಕೆ ತಪ್ಪುತ್ತದೆ. ಸಿನಿಮಾದಲ್ಲಿ ಇದು ಅಷ್ಟಾಗಿ ಕಾಣದು. ಎಕ್ಸೆಲ್ ಹಾಳೆ ಹಾಕಿ ನೋಡಿ: ಸಣ್ಣ ಅಕ್ಷರಗಳ ಅಂಚು ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು, ತೆಳ್ಳನೆಯ ಗೆರೆಗಳು ಮೆಟ್ಟಿಲು ಮೆಟ್ಟಿಲು. ಕತ್ತಲ ಕೋಣೆಯಲ್ಲಾದರೆ ಚಿತ್ರದ ಎರಡು ಪಕ್ಕದಲ್ಲಿ ಮಂಕು ಬೂದು ಬಣ್ಣದ ತ್ರಿಕೋನಗಳೂ ಕಾಣುತ್ತವೆ. ಕೆಲಸವಿಲ್ಲದ ಆ ಚುಕ್ಕೆಗಳಿಂದ ಸೋರುವ ಬೆಳಕು ಅದು.

ಚಿತ್ರ ನೆಟ್ಟಗಿದೆಯೇ ಅಂತ ನೋಡಲು ಕರ್ಣಗಳನ್ನು ಅಳೆದು ಎರಡೂ ಸಮ ಇವೆಯೇ ನೋಡಿ ಅಂತ ಹಲವರು ಹೇಳುತ್ತಾರೆ. ಇದನ್ನು ಪೂರ್ತಿ ನಂಬಬೇಡಿ. ಮೂತಿ ಎತ್ತಿದಾಗ ಬರುವ ಆಕಾರ ಎಡ ಬಲ ಒಂದೇ ಥರ ಇರುವ ಸಮಲಂಬ ಚತುರ್ಭುಜ, ಅದರ ಕರ್ಣಗಳು ಯಾವಾಗಲೂ ಸಮ! ಟೇಪ್ ‘ಸರಿ’ ಅನ್ನುತ್ತದೆ, ಕಣ್ಣು ‘ಸೊಟ್ಟ’ ಅನ್ನುತ್ತದೆ. ಅದಕ್ಕೇ ಮೇಲಂಚು ಮತ್ತು ಕೆಳಂಚನ್ನು ಬೇರೆ ಬೇರೆ ಅಳೆಯಿರಿ, ಆಮೇಲೆ ಎಡ ಬಲದ ಎತ್ತರ. ಅವು ಹೊಂದಿದ ಮೇಲೆ ಕರ್ಣ ನೋಡಿ.

ನಾನು ಈಗ ಅನುಸರಿಸುವ ಕ್ರಮ ಇದು. ಮೆನುವಿಗೆ ಹೋಗಿ ಮೊದಲು ಕೀಸ್ಟೋನನ್ನು 0ಗೆ ತರುವುದು, ಆಟೋ ಕೀಸ್ಟೋನ್ ಇದ್ದರೆ ಅದನ್ನು ಆಫ್ ಮಾಡುವುದು. ಹಿಂದಿನವರು ಬಿಟ್ಟುಹೋದ ಲೆಕ್ಕ ಅಲ್ಲೇ ಕೂತಿರುತ್ತದೆ. ಆಮೇಲೆ ಪೆಟ್ಟಿಗೆಯನ್ನು ಪರದೆಯ ನಡುಗೆರೆಗೆ ತರುವುದು, ಎತ್ತರ ಹೊಂದಿಸುವುದು, ಕಾಲುಗಳನ್ನು ತಿರುಗಿಸಿ ಸಮತಟ್ಟು ಮಾಡುವುದು. ನಂತರ ಜೂಮ್, ಅದಾದ ಮೇಲೆ ಫೋಕಸ್. ಜೂಮ್ ಮುಟ್ಟಿದರೆ ಎಷ್ಟೋ ಮಾಡೆಲ್‌ಗಳಲ್ಲಿ ಫೋಕಸ್ ಕೆಡುತ್ತದೆ, ಹಾಗಾಗಿ ಈ ಎರಡರ ಕ್ರಮ ಬದಲಿಸಬಾರದು. ಇಷ್ಟಾದರೂ ಸೊಟ್ಟ ಉಳಿದರೆ ಮಾತ್ರ ಕೀಸ್ಟೋನ್. ಕೆಲವು ಸ್ಟ್ಯಾಂಡ್ ಪರದೆಗಳಲ್ಲಿ ಮೇಲ್ತುದಿಯನ್ನು ಮುಂದಕ್ಕೆ ಬಗ್ಗಿಸುವ ಕೈ ಇರುತ್ತದೆ. ಮೂತಿ ಎತ್ತಲೇಬೇಕಾದ ಜಾಗದಲ್ಲಿ ಪರದೆಯನ್ನೇ ಬಗ್ಗಿಸುವುದು ಕೀಸ್ಟೋನ್‌ಗಿಂತ ಸಾವಿರ ಪಾಲು ಮೇಲು.

ಕೇಬಲ್ ಮತ್ತು ಬೆಳಕು, ಬೇಗ ಬೇಗ

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ, ಧ್ವನಿ ಎರಡೂ ಹೋಗುತ್ತವೆ. ವಿಜಿಎ ಆದರೆ ಚಿತ್ರ ಮಾತ್ರ, ಧ್ವನಿಗೆ ಬೇರೆ ತಂತಿ. ಯುಎಸ್‌ಬಿ-ಸಿ ಕಿಂಡಿ ಕಂಡ ತಕ್ಷಣ ಖುಷಿಪಡಬೇಡಿ, ಎಲ್ಲ ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ. ಚಿತ್ರ ಬಾರದಿದ್ದರೆ ಮೊದಲು ಪ್ರೊಜೆಕ್ಟರ್‌ನಲ್ಲಿ ಸೋರ್ಸ್, ಅಂದರೆ ಚಿತ್ರ ಯಾವ ಕಿಂಡಿಯಿಂದ ಬರಬೇಕು ಅನ್ನುವ ಆಯ್ಕೆ, ಸರಿ ಇದೆಯಾ ನೋಡಿ. ಆಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಡುಪ್ಲಿಕೇಟ್ ಆರಿಸಿ. ಧ್ವನಿ ಕಾಣೆಯಾದರೆ ಅದು ಪ್ರೊಜೆಕ್ಟರ್‌ನ ಪುಟ್ಟ ಸ್ಪೀಕರ್‌ಗೆ ಹೋಗಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಔಟ್‌ಪುಟ್ ಬದಲಿಸಬೇಕು.

ಬೆಳಕಿನ ಲೆಕ್ಕ ಇಷ್ಟು: ಲ್ಯೂಮೆನನ್ನು (ಪ್ರೊಜೆಕ್ಟರ್ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಚಿತ್ರದ ವಿಸ್ತೀರ್ಣದಿಂದ ಭಾಗಿಸಿದರೆ ಪರದೆಯ ಮೇಲಿನ ಲಕ್ಸ್, ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಬೆಳಕು. 3000 ಲ್ಯೂಮೆನ್, ಮೇಲಿನ 100 ಇಂಚಿನ ಪರದೆ ಸುಮಾರು 2.9 ಚದರ ಮೀಟರ್, ಅಂದರೆ ಸಾವಿರ ಲಕ್ಸ್ ಆಸುಪಾಸು. ಅಗಲ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಮಾತು. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಎರಚಲಾರದು. ಬೆಳಕು ಬೀಳದ ಜಾಗವೇ ಕಪ್ಪು. ಹಾಗಾಗಿ ಪರದೆಯ ಹತ್ತಿರದ ದೀಪ ಒಂದನ್ನು ಆರಿಸಿದರೂ ಚಿತ್ರ ಎಷ್ಟೋ ಸುಧಾರಿಸುತ್ತದೆ, ಇಡೀ ಕೋಣೆ ಕತ್ತಲು ಮಾಡಬೇಕಿಲ್ಲ.

ಬಿಸಿ, ಗಾಳಿ, ಕಣ್ಣು

ಲ್ಯಾಂಪ್ ಇರುವ ಪ್ರೊಜೆಕ್ಟರ್‌ನೊಳಗಿನ ಬಲ್ಬ್ ಮನೆಯ ಬಲ್ಬ್ ಥರ ಅಲ್ಲ. ಅದರಲ್ಲಿ ಪಾದರಸದ ಆವಿ ಇರುತ್ತದೆ. ಉರಿಯುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು. ಸುರಕ್ಷತೆಯ ನಿಯಮಗಳಲ್ಲಿ ಅರ್ಧ ಈ ಒಂದು ಸಂಗತಿಯಿಂದಲೇ ಹುಟ್ಟಿವೆ. ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುವುದು ಲ್ಯಾಂಪ್ ತಣಿಸಲು. ಅಷ್ಟರಲ್ಲಿ ಪ್ಲಗ್ ಕಿತ್ತರೆ ಬಿಸಿ ಒಳಗೇ ಉಳಿದು ಲ್ಯಾಂಪ್ ಬೇಗ ಹಾಳಾಗುತ್ತದೆ. ಪೆಟ್ಟಿಗೆಯ ಮೇಲಿನ ಪುಟ್ಟ ಸೂಚಕ ಲೈಟ್ ಮಿಟುಕುವುದು ನಿಂತು, ಫ್ಯಾನ್ ಸುಮ್ಮನಾದ ಮೇಲೆ ಪ್ಲಗ್ ತೆಗೆಯಿರಿ. ಆಫ್ ಮಾಡಿದ ಕೂಡಲೇ ಮತ್ತೆ ಆನ್ ಆಗದಿದ್ದರೆ ಗಾಬರಿ ಬೇಡ. ಒತ್ತಡ ಇಳಿಯದೆ ಬಲ್ಬ್‌ನಲ್ಲಿ ಕಿಡಿ ಹೊತ್ತುವುದಿಲ್ಲ. ಬಿಸಿ ಇರುವಾಗ ಪೆಟ್ಟಿಗೆಯನ್ನು ಎತ್ತುವುದು, ಕುಲುಕುವುದು, ಬ್ಯಾಗಿಗೆ ತುರುಕುವುದು ಬೇಡವೇ ಬೇಡ. ನೇರ ಪ್ಲಗ್ ತೆಗೆಯಬಹುದಾದ ಮಾಡೆಲ್‌ಗಳೂ ಇವೆ, ಮ್ಯಾನ್ಯುಯಲ್ ಹಾಗೆ ಹೇಳಿದ್ದರೆ ಮಾತ್ರ ಆ ಸಲಿಗೆ.

ಗಾಳಿಯ ಕಿಂಡಿಗಳ ಸುತ್ತ ಮ್ಯಾನ್ಯುಯಲ್ ಹೇಳಿದಷ್ಟು ಜಾಗ ಬಿಡಿ, 30 ಸೆಂ.ಮೀ. ಬಿಟ್ಟರೆ ಸಾಮಾನ್ಯವಾಗಿ ಸಾಕು. ಎತ್ತರಿಸಲು ಪುಸ್ತಕ ಜೋಡಿಸುವಾಗ ಹೊಟ್ಟೆಯ ಕೆಳಗೆ ನೋಡಿ, ಹಲವು ಮಾಡೆಲ್‌ಗಳಲ್ಲಿ ಗಾಳಿ ಎಳೆಯುವ ಜಾಲರಿ ಅಲ್ಲೇ ಇರುತ್ತದೆ. ಮೆತ್ತೆ, ಟವೆಲ್ ಮೇಲೆ ಇಟ್ಟರೆ ಬಟ್ಟೆ ಜಾಲರಿಗೆ ಅಂಟಿಕೊಂಡು ಉಸಿರುಗಟ್ಟುತ್ತದೆ. ಗಟ್ಟಿ ಮೇಜು ಅಥವಾ ಸ್ಟೂಲೇ ಒಳ್ಳೆಯದು. ಎತ್ತರದ ಊರುಗಳಲ್ಲಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಮೇಲೆ, ಗಾಳಿ ತೆಳು. ಅಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಹಾಕಿದರೆ ಫ್ಯಾನ್ ಜೋರಾಗಿ ತಿರುಗುತ್ತದೆ.

ನಡುವೆ ಚಿತ್ರ ಮರೆಮಾಡಬೇಕಾದರೆ ಲೆನ್ಸ್ ಮುಂದೆ ಪುಸ್ತಕ ಹಿಡಿಯುವುದು, ಮುಚ್ಚಳ ಹಾಕುವುದು ಮಾಡಬೇಡಿ. ಲೆನ್ಸ್ ಬಳಿ ಬೆಳಕು ಒಂದೇ ಕಡೆ ಒಟ್ಟಾಗಿರುತ್ತದೆ, ಮುಚ್ಚಳ ಕರಗಬಹುದು, ಕಾಗದ ಹೊತ್ತಬಹುದು. ರಿಮೋಟ್‌ನಲ್ಲಿ ಬ್ಲ್ಯಾಂಕ್ ಅಥವಾ ಎವಿ ಮ್ಯೂಟ್ ಇರುವುದೇ ಅದಕ್ಕೆ. ಮಾತಾಡುವವರು ಬೆಳಕಿಗೆ ಅಡ್ಡ ಹೋಗುವ ಮೊದಲೂ ಅದನ್ನೇ ಒತ್ತಬೇಕು. ಲೆನ್ಸ್‌ನೊಳಗೆ ಇಣುಕುವುದಂತೂ ಕೂಡದು, ಲೇಸರ್ ಮಾಡೆಲ್‌ಗಳ ಮೇಲೆ ಎಚ್ಚರಿಕೆ ಚೀಟಿಯೇ ಅಂಟಿಸಿರುತ್ತಾರೆ. ಮಕ್ಕಳು ಓಡಾಡುವ ಕಡೆ ಲೆನ್ಸ್ ಅವರ ಕಣ್ಣಿನ ಮಟ್ಟಕ್ಕಿಂತ ಮೇಲಿರಲಿ. ನೆಲದ ಮೇಲಿನ ಕೇಬಲ್‌ಗೆ ಟೇಪ್ ಅಂಟಿಸಿ. ಯಾರದೋ ಕಾಲಿಗೆ ಸಿಕ್ಕರೆ ಅವರೂ ಬೀಳುತ್ತಾರೆ, ಪ್ರೊಜೆಕ್ಟರೂ ಬೀಳುತ್ತದೆ.

ಲ್ಯಾಂಪ್ ಬದಲಿಸುವುದು

ಲ್ಯಾಂಪ್‌ನ ಆಯಸ್ಸು ಮಾಡೆಲ್ ನೋಡಿಕೊಂಡು ಕೆಲವು ಸಾವಿರ ಗಂಟೆ. ಇಕೋ ಮೋಡ್‌ನಲ್ಲಿ ಹೆಚ್ಚು ಬಾಳುತ್ತದೆ. ಎಲ್‌ಇಡಿ ಮತ್ತು ಲೇಸರ್ ಬೆಳಕಿಗೆ ತಯಾರಕರು 20,000 ಗಂಟೆಯ ಲೆಕ್ಕ ಕೊಡುವುದುಂಟು. ಗಡುವು ಮೀರಿದ ಲ್ಯಾಂಪ್ ಒಡೆಯುವ ಸಂಭವ ಜಾಸ್ತಿ, ‘ಇನ್ನೂ ಉರಿಯುತ್ತಿದೆಯಲ್ಲ’ ಅಂತ ಎಳೆದಾಡುವುದು ಜಾಣತನವಲ್ಲ.

ಪ್ಲಗ್ ತೆಗೆದು ಒಂದು ಗಂಟೆ ತಣಿಯಲು ಬಿಡಿ. ಹೊಸ ಲ್ಯಾಂಪ್‌ನ ಗಾಜಿಗೆ ಬರಿಗೈ ತಾಗಬಾರದು, ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಬಿಸಿಯಾಗಿ ಗಾಜು ಸೀಳಬಹುದು. ಲ್ಯಾಂಪ್ ಗೂಡಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಪ್ರೊಜೆಕ್ಟರ್ ಆನ್ ಆಗುವುದಿಲ್ಲ, ಅಲ್ಲೊಂದು ಸುರಕ್ಷತಾ ಸ್ವಿಚ್ ಇದೆ. ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು 0 ಮಾಡುವುದು ಹೊಸದು ಹಾಕಿದಾಗ ಮಾತ್ರ. ಇದೇ ಹೊತ್ತಿನಲ್ಲಿ ಫಿಲ್ಟರ್‌ನ ದೂಳೂ ತೆಗೆದುಬಿಡಿ, ಆದರೆ ಬೆಂಕಿ ಹತ್ತುವ ಅನಿಲ ತುಂಬಿದ ಸ್ಪ್ರೇ ಡಬ್ಬಿ ಬಳಸಬೇಡಿ. ಒಳಗೆ ಉಳಿದ ಅನಿಲ ಲ್ಯಾಂಪ್ ಬಿಸಿಗೆ ಹೊತ್ತಿಕೊಳ್ಳಬಹುದು.

ಓಡುತ್ತಿರುವಾಗಲೇ ‘ಢಬ್’ ಅಂತ ಸದ್ದಾಗಿ ಚಿತ್ರ ಹೋದರೆ ಲ್ಯಾಂಪ್ ಒಡೆದಿರಬಹುದು. ಪ್ಲಗ್ ತೆಗೆದು, ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ. ಗಾಳಿಯ ಕಿಂಡಿಯ ಹತ್ತಿರ ಮುಖ ಒಯ್ಯಬೇಡಿ. ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು, ಪಾದರಸದ ಆವಿ ಕೋಣೆಗೆಲ್ಲ ಹರಡುತ್ತದೆ. ಒಡೆದದ್ದಾಗಲಿ ಹಳೆಯದಾಗಲಿ, ಲ್ಯಾಂಪನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ದಿನದ ಕಸದ ಬುಟ್ಟಿಗೆ ಅದು ಹೋಗುವಂತಿಲ್ಲ.