ನವೆಂಬರ್ ಸೋಲಿನಲ್ಲಿ ಯಾವುದಕ್ಕೆ ಚಿಂತೆ ಮಾಡಬೇಕು, ಯಾವುದಕ್ಕೆ ಬೇಡ

"ಮೊನ್ನೆ ಇಪ್ಪತ್ತು ಪಾಯಿಂಟ್‌ನಿಂದ ಗೆದ್ದ ಟೀಮ್ ಇವತ್ತು ಇಷ್ಟು ಕೆಟ್ಟದಾಗಿ ಹೇಗೆ ಆಡುತ್ತೆ ಸಾರ್?" ಕಾಲೇಜ್ ಬಾಸ್ಕೆಟ್‌ಬಾಲ್ ಸೀಸನ್ ಶುರುವಾಗುವ ನವೆಂಬರ್ ಬಂದರೆ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ನಾನು ನಾರ್ತ್ ಕೆರೊಲಿನಾದ ಕ್ಯಾರಿ ಊರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತೇನೆ. ಇಲ್ಲಿ ಕನ್ನಡದವರ ಮನೆಗಳು ತುಂಬಾ ಇವೆ. ಚಾಪೆಲ್ ಹಿಲ್, ಡರ್ಹಮ್, ರಾಲಿ ಮೂರೂ ಹತ್ತಿರ. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕ ಡರ್ಹಮ್‌ನ ಡ್ಯೂಕ್ ಯೂನಿವರ್ಸಿಟಿ ಕಡೆ, ತಮ್ಮ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ಯೂನಿವರ್ಸಿಟಿ, ಅಂದರೆ ಕೆರೊಲಿನಾ ಕಡೆ. ಅಪ್ಪ ಅಮ್ಮ ಕ್ರಿಕೆಟ್ ನೋಡಿ ಬೆಳೆದವರು, ಇಲ್ಲಿಗೆ ಬಂದ ಮೇಲೆ ಮಕ್ಕಳ ಜೊತೆ ಕೂತು ಕಾಲೇಜ್ ಬಾಸ್ಕೆಟ್‌ಬಾಲ್ ಹುಚ್ಚು ಹತ್ತಿಸಿಕೊಂಡವರು. ಅವರ ಚಿಂತೆ ಸುಳ್ಳಲ್ಲ. ಆದರೆ ಅದು ತಪ್ಪು ಜಾಗಕ್ಕೆ ಹೋಗುತ್ತಿರುತ್ತದೆ.

ಇದನ್ನು ಹೇಳುವುದಕ್ಕೆ ಚಾಪೆಲ್ ಹಿಲ್ ಟೀಮಿನ ಎರಡು ವರ್ಷಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2021-22. ರಾಯ್ ವಿಲಿಯಮ್ಸ್ ನಿವೃತ್ತರಾಗಿ ಹ್ಯೂಬರ್ಟ್ ಡೇವಿಸ್ ಕೋಚ್ ಆದ ಮೊದಲ ಸೀಸನ್. ನವೆಂಬರ್‌ನಲ್ಲಿ ಎರಡು ದಿನ ಸಾಲಾಗಿ ಸೋಲು: ಪರ್ಡ್ಯೂ ಎದುರು 93-84, ಮರುದಿನ ಟೆನೆಸಿ ಎದುರು 89-72. ಡಿಸೆಂಬರ್‌ನಲ್ಲಿ ಕೆಂಟಕಿ 98-69ರಲ್ಲಿ ಬಡಿಯಿತು. ಜನವರಿಯಲ್ಲಿ ಮಯಾಮಿ 28 ಪಾಯಿಂಟ್‌ನಿಂದ, ನಾಲ್ಕೇ ದಿನದಲ್ಲಿ ವೇಕ್ ಫಾರೆಸ್ಟ್ 22 ಪಾಯಿಂಟ್‌ನಿಂದ ಸೋಲಿಸಿದವು. ಈ ಊರಿನಲ್ಲಿ ಆಗ ಕೋಚ್ ಮೇಲೆ ಸಿಟ್ಟಾಗದವರು ಕಮ್ಮಿ. ಅದೇ ಟೀಮ್ ಮಾರ್ಚ್ 5ಕ್ಕೆ ಡ್ಯೂಕ್ ಅಂಗಳಕ್ಕೆ ಹೋಗಿ, ಅಲ್ಲಿನ ಕೋಚ್ ಶಶೆವ್‌ಸ್ಕಿ ಅವರ ಕೊನೆಯ ತವರು ಪಂದ್ಯದಲ್ಲಿ 94-81ರಿಂದ ಗೆದ್ದಿತು. ಮಾರ್ಚ್‌ನಲ್ಲಿ ಶುರುವಾಗುವ ರಾಷ್ಟ್ರೀಯ ಕಾಲೇಜ್ ಟೂರ್ನಿ, ಅಂದರೆ ಎನ್‌ಸಿಎಎ ಟೂರ್ನಿಯಲ್ಲಿ 8ನೇ ಸೀಡ್ (ಶ್ರೇಯಾಂಕ) ಆಗಿ ಹೊರಟು ಫೈನಲ್ ಮುಟ್ಟಿತು. ಅರ್ಧ ಪಂದ್ಯಕ್ಕೆ 40-25 ಮುಂದಿದ್ದು, ಕೊನೆಗೆ ಕ್ಯಾನ್ಸಸ್ ಎದುರು 72-69ರಲ್ಲಿ ಸೋತಿತು.

ಮುಂದಿನ ವರ್ಷ, ಆಟ ಶುರು ಮಾಡುತ್ತಿದ್ದ ಮೊದಲ ಐವರಲ್ಲಿ ನಾಲ್ವರು ವಾಪಸ್ ಬಂದರು. ಅರ್ಮಾಂಡೋ ಬೇಕಾಟ್, ಕೇಲಬ್ ಲವ್, ಆರ್‌ಜೆ ಡೇವಿಸ್, ಲೀಕಿ ಬ್ಲ್ಯಾಕ್. ಸೀಸನ್‌ಗೆ ಮುಂಚಿನ ಪಟ್ಟಿಯಲ್ಲಿ ದೇಶಕ್ಕೇ 1ನೇ ಸ್ಥಾನ. ನವೆಂಬರ್ ಕೊನೆಗೆ ಶುರುವಾಯಿತು ನೋಡಿ: ಅಯೋವಾ ಸ್ಟೇಟ್ ಎದುರು ಸೋಲು, ಅಲಬಾಮಾ ಎದುರು ನಾಲ್ಕು ಓವರ್‌ಟೈಮ್ (ಸ್ಕೋರ್ ಸಮವಾದಾಗ ಕೊಡುವ ಹೆಚ್ಚುವರಿ ಆಟ) ಆಡಿ 103-101ರಲ್ಲಿ ಸೋಲು, ಆಮೇಲೆ ಇಂಡಿಯಾನಾ, ಆಮೇಲೆ ವರ್ಜೀನಿಯಾ ಟೆಕ್. ಸಾಲಾಗಿ ನಾಲ್ಕು. ಆಗ ಇಲ್ಲಿನ ಅಭಿಮಾನಿಗಳು ಹೇಳಿದ್ದು ಒಂದೇ ಮಾತು, "ಹೋದ ವರ್ಷವೂ ಹೀಗೇ ಇತ್ತಲ್ವಾ, ಸರಿಹೋಗುತ್ತೆ ಬಿಡಿ." ಸರಿಹೋಗಲಿಲ್ಲ. 20-13ಕ್ಕೆ ಸೀಸನ್ ಮುಗಿಯಿತು, ಎನ್‌ಸಿಎಎ ಟೂರ್ನಿಗೆ ಕರೆಯೇ ಬರಲಿಲ್ಲ. 1985ರಲ್ಲಿ ಟೂರ್ನಿ 64 ಟೀಮ್‌ಗೆ ದೊಡ್ಡದಾದ ಮೇಲೆ, 1ನೇ ಸ್ಥಾನದಿಂದ ಶುರು ಮಾಡಿ ಟೂರ್ನಿ ತಪ್ಪಿಸಿಕೊಂಡ ಮೊದಲ ಟೀಮ್ ಅದು.

ಎರಡು ವರ್ಷವೂ ಸ್ಕೋರ್‌ಬೋರ್ಡ್ ನೋಡಿದರೆ ಒಂದೇ ರೋಗ. ಒಳಗೆ ಮಾತ್ರ ಬೇರೆ ಬೇರೆ. ಆ ವ್ಯತ್ಯಾಸ ಹೇಗೆ ಹಿಡಿಯೋದು ಅನ್ನುವುದೇ ನನ್ನ ಕೆಲಸ, ಅದನ್ನೇ ಇಲ್ಲಿ ಹೇಳಬೇಕು ಅಂತ ಕೂತಿದ್ದೇನೆ.

ಮೊದಲು ತ್ರೀ-ಪಾಯಿಂಟರ್, ಅಂದರೆ ದೂರದ ಗೆರೆಯ ಆಚೆಯಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್. ಒಂದು ಟೀಮ್ ಪಂದ್ಯಕ್ಕೆ 25 ತ್ರೀ ಹೊಡೆಯುತ್ತದೆ, ಸರಾಸರಿ 35% ಬೀಳುತ್ತವೆ ಅಂತ ಇಟ್ಟುಕೊಳ್ಳಿ. ಅಂದರೆ ಸುಮಾರು ಒಂಬತ್ತು. ಆದರೆ ಬರೀ ಲೆಕ್ಕದ ಪ್ರಕಾರವೇ, ಯಾರೂ ಕೆಟ್ಟದಾಗಿ ಆಡದೆ, ಯಾರೂ ಹೊಸದಾಗಿ ಏನೂ ಕಲಿಯದೆ, ಒಂದು ರಾತ್ರಿ ಆರು ಬೀಳುವುದು, ಇನ್ನೊಂದು ರಾತ್ರಿ ಹನ್ನೊಂದು ಬೀಳುವುದು ತೀರಾ ಮಾಮೂಲಿ. ಐದು ಶಾಟ್ ವ್ಯತ್ಯಾಸ, ಹದಿನೈದು ಪಾಯಿಂಟ್. ಎದುರಾಳಿಗೂ ಇದೇ ಏರಿಳಿತ ಇರುತ್ತದೆ. ಅವರ ಒಳ್ಳೆಯ ರಾತ್ರಿ ನಿಮ್ಮ ಕೆಟ್ಟ ರಾತ್ರಿಗೆ ಸರಿಯಾಗಿ ಸಿಕ್ಕಿಬಿಟ್ಟರೆ ಮಾನ ಹೋಗುವಂಥ ಸೋಲು. ಕೆನ್ ಪೊಮೆರಾಯ್ ಎಂಬ ಅಂಕಿಅಂಶ ತಜ್ಞರು ಇದನ್ನು ವರ್ಷಗಳ ಹಿಂದೆಯೇ ತೋರಿಸಿದ್ದಾರೆ: ಎದುರಾಳಿ ಎಷ್ಟು ತ್ರೀ ಹೊಡೆಯುತ್ತಾರೆ ಅನ್ನುವುದು ಬಹುಮಟ್ಟಿಗೆ ಡಿಫೆನ್ಸ್ ಕೈಯಲ್ಲಿದೆ, ಅದರಲ್ಲಿ ಎಷ್ಟು ಬೀಳುತ್ತವೆ ಅನ್ನುವುದು ಅಷ್ಟಾಗಿ ಇಲ್ಲ.

ಕೇಲಬ್ ಲವ್ ಅವರನ್ನೇ ತೆಗೆದುಕೊಳ್ಳಿ. 2022ರ ಸೆಮಿಫೈನಲ್‌ನಲ್ಲಿ ಡ್ಯೂಕ್ ಎದುರು 28 ಪಾಯಿಂಟ್. ಎರಡು ದಿನ ಬಿಟ್ಟು ಫೈನಲ್‌ನಲ್ಲಿ 24 ಶಾಟ್ ಹೊಡೆದರೆ ಬಿದ್ದದ್ದು 5. ಅದೇ ಹುಡುಗ, ಅದೇ ಕೈ. ಎರಡು ದಿನದಲ್ಲಿ ಮನುಷ್ಯ ಬದಲಾಗಲಿಲ್ಲ.

ಹಾಗಾಗಿ ಶಾಟ್ ಬಿತ್ತಾ ಇಲ್ವಾ ಅನ್ನುವುದನ್ನು ನವೆಂಬರ್‌ನಲ್ಲಿ ನಾನು ಬೇಕಂತಲೇ ಪಕ್ಕಕ್ಕಿಡುತ್ತೇನೆ. ಎಂಥ ಶಾಟ್ ಸಿಕ್ಕಿತು ಅಂತ ನೋಡುತ್ತೇನೆ. ನಮ್ಮ ಹುಡುಗರ ವೀಡಿಯೊ ನೋಡುವಾಗಲೂ ಹಾಗೇ. ಚೆಂಡು ಕೈಬಿಟ್ಟ ಕ್ಷಣಕ್ಕೆ ವೀಡಿಯೊ ನಿಲ್ಲಿಸಿಬಿಡುತ್ತೇನೆ, ಬಿತ್ತೋ ಇಲ್ಲವೋ ತೋರಿಸುವುದಿಲ್ಲ. ಕಾಲು ನೆಲದಲ್ಲಿ ಸರಿಯಾಗಿ ಇತ್ತಾ? ಡಿಫೆಂಡರ್ ಎಷ್ಟು ದೂರ ಇದ್ದ? ಪಾಸ್ ಬಂದ ಮೇಲೆ ಹೊಡೆದದ್ದಾ, ಅಥವಾ ಒಬ್ಬನೇ ನಾಲ್ಕು ಸಲ ಡ್ರಿಬಲ್ ಮಾಡಿ, ಸಮಯ ಮುಗಿಯುತ್ತಾ ಬಂತು ಅಂತ ಎಸೆದದ್ದಾ? ಮಕ್ಕಳಿಗೆ ಮೊದಮೊದಲು ಇದು ಹಿಂಸೆ, ಫಲಿತಾಂಶ ನೋಡಬೇಕು ಅಂತ ಒದ್ದಾಡುತ್ತಾರೆ. ಸ್ವಲ್ಪ ದಿನದಲ್ಲಿ ಅವರಿಗೇ ಕಾಣಲು ಶುರುವಾಗುತ್ತದೆ.

ಈ ಕಣ್ಣಿನಿಂದ ಆ ಎರಡು ಸೀಸನ್ ನೋಡಿ. 2021-22ರಲ್ಲಿ ಬ್ರೇಡಿ ಮ್ಯಾನೆಕ್ ಇದ್ದರು. ಒಕ್ಲಹೋಮಾದಿಂದ ಬಂದ ಆರು ಅಡಿ ಒಂಬತ್ತು ಇಂಚಿನ ಹುಡುಗ, ತ್ರೀ ಹೊಡೆದರೆ ಸುಮಾರು 40% ಬೀಳುತ್ತಿದ್ದವು. ಜನವರಿಯಲ್ಲಿ ಡಾಸನ್ ಗಾರ್ಸಿಯಾ ಮನೆಯ ಕಾರಣಕ್ಕೆ ಟೀಮ್ ಬಿಟ್ಟು ಊರಿಗೆ ಹೋದ ಮೇಲೆ ಮ್ಯಾನೆಕ್ ಮೊದಲ ಐವರಲ್ಲಿ ಗಟ್ಟಿಯಾದರು. ಅಷ್ಟು ಎತ್ತರದವನು ಹೊರಗೆ ನಿಂತು ಹೊಡೆಯುತ್ತಾನೆ ಅಂದರೆ ಎದುರಾಳಿಯ ದೊಡ್ಡ ಡಿಫೆಂಡರ್ ಕೂಡ ಹೊರಗೆ ಬರಲೇಬೇಕು. ಒಳಗೆ ಬೇಕಾಟ್‌ಗೆ ಜಾಗ ಸಿಕ್ಕಿತು, ಲವ್ ಮತ್ತು ಆರ್‌ಜೆ ಡೇವಿಸ್‌ಗೆ ನುಗ್ಗುವ ದಾರಿ ಸಿಕ್ಕಿತು. ಅಂದರೆ ದೊಡ್ಡ ಸೋಲುಗಳ ನಡುವೆಯೇ ಟೀಮ್ ತನ್ನ ರೂಪ ಕಂಡುಕೊಳ್ಳುತ್ತಿತ್ತು.

2022-23ರಲ್ಲಿ ಮ್ಯಾನೆಕ್ ಇಲ್ಲ. ಆ ಜಾಗಕ್ಕೆ ನಾರ್ತ್‌ವೆಸ್ಟರ್ನ್‌ನಿಂದ ಪೀಟ್ ನ್ಯಾನ್ಸ್ ಬಂದರು. ಒಳ್ಳೆಯ ಆಟಗಾರ, ಆದರೆ ಹೊರಗಿನಿಂದ ಆ ಮಟ್ಟದ ಹೆದರಿಕೆ ಹುಟ್ಟಿಸುವವರಲ್ಲ. ಎದುರಾಳಿಗಳು ಧೈರ್ಯವಾಗಿ ಒಳಗೆ ಗುಂಪು ಕಟ್ಟಿದರು. ಬೇಕಾಟ್ ಸುತ್ತ ಯಾವಾಗಲೂ ಇಬ್ಬರು. ಪಾಸ್ ಓಡಾಟ ನಿಂತುಹೋಯಿತು, ಗಾರ್ಡ್‌ಗಳು (ಚೆಂಡು ಮುಂದೆ ತಂದು ಆಟ ನಡೆಸುವವರು) ಒಬ್ಬೊಬ್ಬರೇ ದಾರಿ ಹುಡುಕತೊಡಗಿದರು. ಆ ಅಲಬಾಮಾ ಪಂದ್ಯದಲ್ಲಿ ಲವ್ 34 ಪಾಯಿಂಟ್ ತೆಗೆದರು ನಿಜ, ಆದರೆ 36 ಶಾಟ್ ಹೊಡೆದು, ಬಿದ್ದದ್ದು 13. ಆ ವರ್ಷ ಟೀಮ್‌ನ ತ್ರೀ ಸುಮಾರು 31%ಕ್ಕೆ ಇಳಿಯಿತು. ಅದನ್ನು ದುರಾದೃಷ್ಟ ಅಂತ ನಾನು ಒಪ್ಪುವುದಿಲ್ಲ. ಸಿಗುತ್ತಿದ್ದ ಶಾಟ್‌ಗಳೇ ಕಷ್ಟದವು. ನವೆಂಬರ್‌ನಲ್ಲೇ ಅದು ಕಣ್ಣಿಗೆ ಹೊಡೆಯುತ್ತಿತ್ತು, ಗೆದ್ದ ಪಂದ್ಯಗಳಲ್ಲಿ ಕೂಡ.

ಎರಡನೆಯದು, ಹೊಸಬರು. 2021ರಿಂದ ಆಟಗಾರರು ಒಂದು ವರ್ಷ ಸುಮ್ನೆ ಕೂರದೆ ಕಾಲೇಜು ಬದಲಿಸಿ ನೇರವಾಗಿ ಆಡಬಹುದು. 2024ರಿಂದ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಾಗಾಗಿ ಐವರಲ್ಲಿ ಮೂವರು ನಾಲ್ವರು ಹೊಸಬರು ಅನ್ನುವುದು ಈಗ ಮಾಮೂಲಾಗಿದೆ. ಮೊದಲ ಪಂದ್ಯಕ್ಕೆ ಮುಂಚಿನ 42 ದಿನಗಳಲ್ಲಿ ಪೂರ್ತಿ ಪ್ರಾಕ್ಟೀಸ್ ಸಿಗುವುದು ಹೆಚ್ಚೆಂದರೆ 30. ನಮ್ಮ ಕರಾವಳಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನ ಮೇಳಗಳ ತಿರುಗಾಟವೂ ನವೆಂಬರ್ ಹೊತ್ತಿಗೇ ಶುರು, ಕಲಾವಿದರು ಮೇಳದಿಂದ ಮೇಳಕ್ಕೆ ಹೋಗುತ್ತಾರೆ. ಭಾಗವತರು ಹೊಸಬರು, ಮದ್ದಳೆಯವರು ಹಳಬರು, ವೇಷಧಾರಿ ಬೇರೆ ಮೇಳದಿಂದ ಬಂದವರು ಅಂದರೆ ಮೊದಲ ವಾರಗಳಲ್ಲಿ ಒಂದು ರಾತ್ರಿ ಆಟ ಏರುತ್ತದೆ, ಮರುರಾತ್ರಿ ಹಿಮ್ಮೇಳ ಒಂದು ಕಡೆ ಮುಮ್ಮೇಳ ಒಂದು ಕಡೆ. ಯಾರಿಗೂ ವಿದ್ಯೆ ಕಮ್ಮಿ ಅಂತಲ್ಲ.

ಬಾಸ್ಕೆಟ್‌ಬಾಲ್‌ನಲ್ಲಿ ಇದು ಮೊದಲು ಕಾಣುವುದು ಡಿಫೆನ್ಸ್‌ನಲ್ಲಿ. ಎದುರಾಳಿ ಗಾರ್ಡ್ ಸ್ಕ್ರೀನ್ (ಜೊತೆಗಾರ ನಮ್ಮ ಡಿಫೆಂಡರ್‌ಗೆ ಅಡ್ಡ ನಿಂತು ಕೊಡುವ ತಡೆ) ಬಳಸಿ ಒಳಗೆ ನುಗ್ಗುತ್ತಾನೆ. ಸ್ಕ್ರೀನ್ ಕೊಟ್ಟ ಉದ್ದನೆಯ ಹುಡುಗ ಬಾಸ್ಕೆಟ್ ಕಡೆ ಓಡುತ್ತಾನೆ. ಆಚೆ ಮೂಲೆಯಲ್ಲಿ ಒಬ್ಬನನ್ನು ಕಾಯುತ್ತಿದ್ದ ನಮ್ಮ ಡಿಫೆಂಡರ್ ಈಗ ತನ್ನವನನ್ನು ಬಿಟ್ಟು ಬಾಸ್ಕೆಟ್ ಕೆಳಗೆ ಬರಬೇಕು. ಅವನು ಬಿಟ್ಟ ಮೂಲೆಗೆ ಇನ್ನೊಬ್ಬ ಜಾರಬೇಕು. ಇದೆಲ್ಲ ಒಂದು ಸೆಕೆಂಡಿನ ಮಾತು, ಬಾಯಿಬಿಟ್ಟು ಕೂಗದಿದ್ದರೆ ಆಗುವುದಿಲ್ಲ. ಹಿಂದಿನ ಕಾಲೇಜಿನಲ್ಲಿ ಬೇರೆ ಪದ್ಧತಿ ಕಲಿತು ಬಂದವನು ಇಲ್ಲಿ ಅರ್ಧ ಹೆಜ್ಜೆ ಯೋಚಿಸುತ್ತಾನೆ. ಆ ಅರ್ಧ ಹೆಜ್ಜೆಯಲ್ಲಿ ಮೂಲೆಯವನಿಗೆ ಖಾಲಿ ತ್ರೀ ಸಿಕ್ಕಿರುತ್ತದೆ. ಟಿವಿಯಲ್ಲಿ ನೋಡುವವರು ಬೈಯುವುದು ಓಡಿಬಂದು ಕೈ ಎತ್ತಿದ ಕೊನೆಯ ಹುಡುಗನನ್ನು. ತಪ್ಪು ಮಾಡಿದವನು ಬಾಸ್ಕೆಟ್ ಕೆಳಗೆ ಬೆನ್ನು ತಿರುಗಿಸಿ ನಿಂತಿರುತ್ತಾನೆ.

ಇದು ಡಿಸೆಂಬರ್ ಜನವರಿ ಹೊತ್ತಿಗೆ ಸರಿಹೋಗುವ ತಪ್ಪು. ಸರಿಹೋಗುತ್ತಿದೆಯಾ ಅಂತ ತಿಳಿಯುವುದಕ್ಕೂ ಒಂದು ಗುರುತಿದೆ. ಮೂಲೆಯಿಂದ ಬರುವ ಸಹಾಯ ಪ್ರತಿ ಪಂದ್ಯಕ್ಕೂ ಸ್ವಲ್ಪ ಬೇಗ ಬರುತ್ತಿದ್ದರೆ ಸಾಕು, ಸೋತರೂ ನಾನು ಸಮಾಧಾನವಾಗಿರುತ್ತೇನೆ. ತಿಂಗಳು ಕಳೆದರೂ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಚೆಲ್ಲುತ್ತಿದ್ದರೆ, ಗೆದ್ದರೂ ಸಮಾಧಾನ ಇಲ್ಲ.

ಎದುರಾಳಿ ಯಾರು, ಪಂದ್ಯ ಎಲ್ಲಿ ಅನ್ನುವುದನ್ನೂ ಜನ ಮರೆಯುತ್ತಾರೆ. ನವೆಂಬರ್‌ನ ಮೊದಲ ಪಂದ್ಯಗಳು ಮನೆಯಲ್ಲಿ, ಬಹುಪಾಲು ಸಣ್ಣ ಕಾಲೇಜುಗಳ ಎದುರು. ಆಮೇಲೆ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಎಲ್ಲೋ ದೂರದ ಊರಿನಲ್ಲಿ ಮೂರು ನಾಲ್ಕು ದಿನದೊಳಗೆ ಮೂರು ಪಂದ್ಯ. 30 ಪಾಯಿಂಟ್ ಗೆಲುವೂ 10 ಪಾಯಿಂಟ್ ಸೋಲೂ ಒಂದೇ ಮಟ್ಟದ ಆಟದಿಂದ ಬರಬಹುದು.

ಇನ್ನು ನಾನು ನಿಜವಾಗಿ ಚಿಂತೆ ಮಾಡುವ ವಿಷಯಗಳು. ಎದುರಾಳಿ ತಪ್ಪಿಸಿದ ಶಾಟ್‌ನ ರೀಬೌಂಡ್ ನಮಗೆ ಸಿಗುತ್ತಿದೆಯಾ? ಚೆಂಡು ಹೊರಗೆ ಹೋಗಿ ಕಳೆದುಕೊಂಡರೆ ಪರವಾಗಿಲ್ಲ, ಹಿಂದೆ ಓಡಿ ನಿಲ್ಲಲು ಸಮಯ ಸಿಗುತ್ತದೆ. ಆದರೆ ಪಾಸ್ ಮಧ್ಯದಲ್ಲಿ ಕಿತ್ತುಕೊಂಡು ಹೋಗುತ್ತಿದ್ದಾರಾ? ಫೌಲ್ ಮಾಡಿ ಮಾಡಿ ಫ್ರೀ ಥ್ರೋ ದಾನ ಮಾಡುತ್ತಿದ್ದೇವಾ? ಇವು ತ್ರೀ ಥರ ರಾತ್ರಿಯಿಂದ ರಾತ್ರಿಗೆ ಅಷ್ಟೊಂದು ಜಿಗಿಯುವುದಿಲ್ಲ. ಐದಾರು ಪಂದ್ಯದಲ್ಲಿ ಕಂಡ ಅಭ್ಯಾಸ ಸಾಮಾನ್ಯವಾಗಿ ಮಾರ್ಚ್‌ವರೆಗೂ ಜೊತೆಗಿರುತ್ತದೆ.

ಕನೆಕ್ಟಿಕಟ್ ಟೀಮ್ ಇದಕ್ಕೂ ಎರಡೂ ಥರದ ಪಾಠ ಕೊಟ್ಟಿದೆ. 2022-23ರಲ್ಲಿ ಸಾಲಾಗಿ 14 ಗೆದ್ದರು, ಆಮೇಲೆ ಎಂಟು ಪಂದ್ಯಗಳಲ್ಲಿ ಆರು ಸೋತರು. ರೀಬೌಂಡ್ ಗಟ್ಟಿ ಇತ್ತು, ಬೆಂಚ್ ಗಟ್ಟಿ ಇತ್ತು. ಕೊನೆಗೆ ಟೂರ್ನಿಯ ಆರೂ ಪಂದ್ಯಗಳನ್ನು ಎರಡಂಕಿ ಅಂತರದಲ್ಲಿ ಗೆದ್ದು ಚಾಂಪಿಯನ್ ಆದರು. ಮರುವರ್ಷವೂ ಅವರೇ. ಆದರೆ 2024ರ ನವೆಂಬರ್‌ನಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಮೂರು ದಿನಕ್ಕೆ ಮೂರು ಸೋಲು: ಮೆಂಫಿಸ್, ಕೊಲೊರಾಡೊ, ಡೇಟನ್. ಮೊದಲ ಎರಡು ತೀರಾ ಕೂದಲೆಳೆ ಅಂತರದವು, 99-97 ಮತ್ತು 73-72. ದುರಾದೃಷ್ಟ ಅಂದುಬಿಡಬಹುದಿತ್ತು. ಡಿಸೆಂಬರ್‌ನಲ್ಲಿ ಬೇಲರ್, ಟೆಕ್ಸಸ್, ಗೊನ್ಜಾಗಾವನ್ನು ಸೋಲಿಸಿದಾಗ ಜನ ಹಾಗೇ ಅಂದರು ಕೂಡ. ಆದರೆ ಎದುರಾಳಿ ಗಾರ್ಡ್‌ಗಳನ್ನು ಮುಂದೆಯೇ ತಡೆಯಲು ಆಗದೆ ಹಿಂದಿನವರು ಫೌಲ್ ಮಾಡುವ ಅಭ್ಯಾಸ ಹೋಗಲಿಲ್ಲ. ಟೂರ್ನಿಗೆ 8ನೇ ಸೀಡ್ ಆಗಿ ಬಂದು, ಎರಡನೇ ಸುತ್ತಿನಲ್ಲಿ ಫ್ಲೋರಿಡಾ ಎದುರು 77-75ರಲ್ಲಿ ನಿಂತರು.

"ಇನ್ನೂ ನವೆಂಬರ್ ಅಲ್ವಾ, ಬಿಡಿ" ಅನ್ನುವವರಿಗೂ ಒಂದು ಮಾತು. ಟೂರ್ನಿಗೆ ಟೀಮ್‌ಗಳನ್ನು ಆರಿಸುವ ಸಮಿತಿ ಬಳಸುವ ನೆಟ್ (NET) ಎಂಬ ರ್ಯಾಂಕಿಂಗ್ ಪಟ್ಟಿಗೆ ತಿಂಗಳು ಗೊತ್ತಿಲ್ಲ. ನವೆಂಬರ್ ಸೋಲಿಗೂ ಫೆಬ್ರವರಿ ಸೋಲಿಗೂ ಒಂದೇ ತೂಕ. ಮೊದಲ ದರ್ಜೆಯ ಎದುರಾಳಿಗಳ ಮೇಲೆ ಎಷ್ಟು ಗೆದ್ದಿರಿ ಅಂತ ಅವರು ನೋಡುತ್ತಾರೆ. 2022-23ರ ಕೆರೊಲಿನಾ ಅಂಥ ಹತ್ತು ಪಂದ್ಯ ಆಡಿ ಗೆದ್ದದ್ದು ಒಂದು. ಪೋರ್ಟ್‌ಲ್ಯಾಂಡ್‌ನಲ್ಲಿ ಅಲಬಾಮಾ ಎದುರಿನ ಆ ನಾಲ್ಕು ಓವರ್‌ಟೈಮ್ ಪಂದ್ಯ ಕೈಗೆ ಸಿಕ್ಕಿದ್ದರೆ ಮಾರ್ಚ್‌ನಲ್ಲಿ ಅವರ ಮಾತಿಗೆ ಬೆಲೆ ಇರುತ್ತಿತ್ತು. 2020-21ರಲ್ಲಿ ಕೆಂಟಕಿ 1-6ರಿಂದ ಶುರು ಮಾಡಿತ್ತು, ಆ ಗುಂಡಿಯಿಂದ ಮೇಲೆ ಬರಲೇ ಇಲ್ಲ, 9-16ಕ್ಕೆ ಮುಗಿಸಿತು. ಹಾಗಾಗಿ ಅಭಿಮಾನಿಗಳ ಆತಂಕವನ್ನು ತಮಾಷೆ ಮಾಡುವವರ ಜೊತೆ ನಾನಿಲ್ಲ.

ಆದರೆ ಆ ಆತಂಕ ಹುಡುಗರ ಫೋನ್‌ಗೆ ಹೋಗುವುದು ಬೇಡ. 2024ರ ಮಾರ್ಚ್‌ನಲ್ಲಿ ಬೇಕಾಟ್ ಬಹಿರಂಗವಾಗಿ ಹೇಳಿದರು: ಟೂರ್ನಿಯಲ್ಲಿ ಒಂದು ಪಂದ್ಯ ಗೆದ್ದ ಮೇಲೂ, ರೀಬೌಂಡ್ ಕಮ್ಮಿ ಆಯಿತು ಅಂತ ಬೈದು ನೂರಕ್ಕೂ ಜಾಸ್ತಿ ಮೆಸೇಜ್ ಬಂದವು, ಬೆಟ್ಟಿಂಗ್ ಕಟ್ಟಿದವರಿಂದ. ಗೆದ್ದ ಪಂದ್ಯಕ್ಕೆ! ನಾನು ದಿನಾ ನೋಡುವ ಹುಡುಗರು ಇನ್ನು ಮೂರು ವರ್ಷಕ್ಕೆ ಆ ಜಾಗದಲ್ಲಿರಬಹುದು. ಹತ್ತೊಂಬತ್ತು ವರ್ಷದವನು ಐದು ತ್ರೀ ತಪ್ಪಿಸಿದ ರಾತ್ರಿ ಅವನಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಬರೆದು ತಿಳಿಸಬೇಕಾಗಿಲ್ಲ.

ಜನವರಿ ಮೊದಲ ವಾರ ಕಾಯಿರಿ. ಕಾನ್ಫರೆನ್ಸ್ ಪಂದ್ಯಗಳು (ತಮ್ಮದೇ ಲೀಗಿನ ಕಾಲೇಜುಗಳ ಎದುರಿನವು) ಶುರುವಾಗಿರುತ್ತವೆ, ಎದುರಾಳಿ ಕೋಚ್ ಅಷ್ಟರೊಳಗೆ ನಿಮ್ಮ ಟೀಮಿನ ಎಲ್ಲ ವೀಡಿಯೊ ನೋಡಿರುತ್ತಾನೆ, ಪ್ರೇಕ್ಷಕರು ಅವರ ಕಡೆಯವರು. ಅಂಥ ಎರಡು ಹೊರಗಿನ ಪಂದ್ಯ ನೋಡಿ. ಎದುರಾಳಿಗೆ ಒಂದೇ ಸರದಿಯಲ್ಲಿ ಎರಡು ಮೂರು ಶಾಟ್ ಸಿಗುತ್ತಿವೆಯಾ, ಮೂಲೆಯ ಸಹಾಯ ಇನ್ನೂ ತಡವಾಗಿ ಬರುತ್ತಿದೆಯಾ, ಕೊನೆಯ ಐದು ನಿಮಿಷ ಒಬ್ಬನೇ ಚೆಂಡು ಹಿಡಿದು ನಿಂತಿದ್ದಾನಾ ನೋಡಿ. ಮೂರೂ ಹೌದು ಅಂತಾದರೆ ಬಂದು ಹೇಳಿ, ಆಗ ನಾನೂ ನಿಮ್ಮ ಜೊತೆ ಕೂತು ಚಿಂತೆ ಮಾಡುತ್ತೇನೆ.